ಭೀಮೆಯ ಎರಡು ದಂಡೆಗಳು ಮತ್ತು ಯುವರಾಜನ ಸವಾರಿ



ಇಂಗ್ಲೆಂಡಿನ ರಾಜಮನೆತನದವರು ಭಾರತದಲ್ಲಿ ಕೈಗೊಂಡ ಪ್ರವಾಸಗಳ ವೃತ್ತಾಂತದಲ್ಲಿ ಮುಂಬಯಿ, ಕಲ್ಕತ್ತ, ಬೆಂಗಳೂರು, ಮೈಸೂರು, ಹೈದರಾಬಾದು ಹೀಗೆ ದೊಡ್ಡ ಊರುಗಳ ಹೆಸರು ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ಹೆಸರು ಅಲ್ಲಿ ಕಾಣುವುದಿಲ್ಲ. ಹಾಗಿದ್ದರೂ ಆ ಪ್ರವಾಸಗಳ ಬಗ್ಗೆ ಜನರ ಅಭಿಪ್ರಾಯ ಏನಿತ್ತು ಎಂಬುದನ್ನು ತಿಳಿಯಬೇಕಾದರೆ ಈ ಮೂರು ತಾಲ್ಲೂಕುಗಳಲ್ಲಿ ನಿಂತು ನೋಡುವುದು ಹೆಚ್ಚು ಉಪಯುಕ್ತ. ಏಕೆಂದರೆ ಇವು ಗಡಿಯ ತಾಲ್ಲೂಕುಗಳು.

1921ರ ನಕಾಶೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಈ ಪ್ರದೇಶವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗ ಜಿಲ್ಲೆಗೆ ಸೇರಿತ್ತು. ಜನರ ಬಾಯಲ್ಲಿ ಇದು ಮೊಗಲಾಯಿ. ಅಫಜಲಪುರದ ದಕ್ಷಿಣಕ್ಕೆ ಭೀಮಾ ನದಿ. ನದಿ ದಾಟಿದರೆ ಇಂಡಿ, ಸಿಂದಗಿ ತಾಲ್ಲೂಕುಗಳು. ಅವು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯವು. ಜೇವರ್ಗಿಯ ಪಶ್ಚಿಮಕ್ಕೂ ಅದೇ ಸಿಂದಗಿ. ಆಳಂದದಿಂದ ಪಶ್ಚಿಮಕ್ಕೆ ಹೊರಟರೆ ಅಕ್ಕಲಕೋಟೆ ಸಂಸ್ಥಾನ, ಅದರಾಚೆ ಸೊಲ್ಲಾಪುರ. ಈಚೆಯವರೂ ಆಚೆಯವರೂ ಆಡುತ್ತಿದ್ದುದು ಒಂದೇ ಕನ್ನಡ. ಹೆಣ್ಣು ಕೊಡುವುದು ತರುವುದು, ಜಾತ್ರೆ, ದನದ ಸಂತೆ ಎಲ್ಲವೂ ಗಡಿ ದಾಟಿಯೇ ನಡೆಯುತ್ತಿದ್ದವು. ಆದರೆ ಗಡಿ ದಾಟಿದೊಡನೆ ನಾಣ್ಯ ಬದಲಾಗುತ್ತಿತ್ತು. ಈಚೆಗೆ ಹಾಲಿ ಸಿಕ್ಕಾ, ಆಚೆಗೆ ಕಲದಾರ ರೂಪಾಯಿ. ಸರಕಿಗೆ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಬೇಕಿತ್ತು. ಕಚೇರಿಯ ಭಾಷೆ ಬದಲಾಗುತ್ತಿತ್ತು. ಈಚೆಗೆ ಅದು ಉರ್ದು. ಇವುಗಳ ಜೊತೆಗೆ ಇನ್ನೊಂದು ಸಂಗತಿಯೂ ಬದಲಾಗುತ್ತಿತ್ತು. ಅದು ಬಾಯಿ ಬಿಟ್ಟು ಮಾತಾಡುವ ಅವಕಾಶ.

1921ರ ನವೆಂಬರ್ 17ರಂದು ವೇಲ್ಸ್ ಯುವರಾಜ ಎಡ್ವರ್ಡ್ ಮುಂಬಯಿಯಲ್ಲಿ ಬಂದಿಳಿದ. ಮುಂದೆ 1936ರಲ್ಲಿ ಎಂಟನೆಯ ಎಡ್ವರ್ಡ್ ಎಂಬ ಹೆಸರಿನಿಂದ ರಾಜನಾಗಿ, ಕಿರೀಟಧಾರಣೆಯೂ ಆಗದೆ ಅದೇ ವರ್ಷ ಸಿಂಹಾಸನ ಬಿಟ್ಟವನು ಈತನೇ. ಜಲಿಯನ್‌ವಾಲಾ ಬಾಗಿನ ಹತ್ಯೆಯ ಗಾಯ ಆಗಿನ್ನೂ ಮಾದಿರಲಿಲ್ಲ. ಅಸಹಕಾರ ಮತ್ತು ಖಿಲಾಫತ್ ಚಳವಳಿಗಳು ಒಂದಾಗಿ ನಡೆಯುತ್ತಿದ್ದವು. ಅದೇ ವರ್ಷದ ಜುಲೈ 1ರಂದು ಧಾರವಾಡದಲ್ಲಿ ಮದ್ಯದಂಗಡಿಯ ಮುಂದಿನ ಪಿಕೆಟಿಂಗಿನ ಸಂಬಂಧದಲ್ಲಿ ಗೋಲಿಬಾರ್ ನಡೆದು ಖಿಲಾಫತ್ ಸ್ವಯಂಸೇವಕರು ಪ್ರಾಣ ಕಳೆದುಕೊಂಡಿದ್ದರು. ಯುವರಾಜನ ಭೇಟಿಯನ್ನು ಬಹಿಷ್ಕರಿಸಬೇಕೆಂದು ಕಾಂಗ್ರೆಸ್ ಮುಂಚಿತವಾಗಿಯೇ ನಿರ್ಣಯಿಸಿತ್ತು. ಯುವರಾಜನ ಮೇಲೆ ವೈಯಕ್ತಿಕ ದ್ವೇಷವೇನೂ ಇಲ್ಲ, ಅವನ ಭೇಟಿಯನ್ನು ಸರ್ಕಾರ ತನ್ನ ಪ್ರತಿಷ್ಠೆಗೆ ಬಳಸಿಕೊಳ್ಳುವುದಕ್ಕೆ ಮಾತ್ರ ವಿರೋಧ ಎಂಬುದು ಗಾಂಧೀಜಿಯವರ ನಿಲುವು.

ಇಂಥ ಪ್ರವಾಸಗಳು ಹೊಸದಾಗಿರಲಿಲ್ಲ. ವಿರೋಧ ಮಾತ್ರ ಹೊಸದು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದ. 1906ರ ಫೆಬ್ರುವರಿ 5ರಂದು ಆಗಿನ ಯುವರಾಜ, ಮುಂದೆ ಐದನೆಯ ಜಾರ್ಜ್ ಎನಿಸಿದವನು, ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯ ಪ್ರತಿಮೆಯನ್ನು ಅನಾವರಣ ಮಾಡಿದ್ದ. ಆ ಪ್ರವಾಸದ ಸಮಯದಲ್ಲಿ, 1905ರ ಕಾಶಿ ಅಧಿವೇಶನದಲ್ಲಿ, ಯುವರಾಜನಿಗೆ ಸ್ವಾಗತ ಕೋರುವ ಗೊತ್ತುವಳಿಯನ್ನು ಕಾಂಗ್ರೆಸ್ಸೇ ಅಂಗೀಕರಿಸಿತ್ತು. ಬಂಗಾಳದ ವಿಭಜನೆಯಿಂದ ನೊಂದವರು ಆಗ ಭಿನ್ನಮತ ತೋರಿದ್ದರೂ ಗೊತ್ತುವಳಿ ನಿಲ್ಲಲಿಲ್ಲ. ಹದಿನಾರು ವರ್ಷಗಳಲ್ಲಿ ಅದೇ ಸಂಸ್ಥೆ ಸ್ವಾಗತದಿಂದ ಬಹಿಷ್ಕಾರಕ್ಕೆ ಬಂದು ಮುಟ್ಟಿತ್ತು. ಜನಾಭಿಪ್ರಾಯ ಎಷ್ಟು ದೂರ ನಡೆದುಬಂದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಅಳತೆ ಬೇಕಿಲ್ಲ.

ಯುವರಾಜ ಹೋದ ಕಡೆಗಳಲ್ಲಿ ಹರತಾಳಗಳು ನಡೆದವು. ಡಿಸೆಂಬರ್ 12ರಂದು ಅಲಹಾಬಾದಿಗೆ ಬಂದಾಗ ಬೀದಿಗಳು ಬಿಕೋ ಎನ್ನುತ್ತಿದ್ದವು. ಆ ಹರತಾಳದ ಕರಪತ್ರ ಹಂಚಿದ ಆರೋಪದ ಮೇಲೆ ಜವಾಹರಲಾಲ್ ನೆಹರೂ ಅವರಿಗೆ ಮೊದಲ ಬಾರಿ ಜೈಲು ಶಿಕ್ಷೆಯಾಯಿತು. ಕರಪತ್ರ ಹಂಚುವುದು ಅಪರಾಧವೇ ಅಲ್ಲವೆಂದು ಆಮೇಲೆ ಕಂಡುಬಂದು ಸುಮಾರು ಮೂರು ತಿಂಗಳ ನಂತರ ಅವರನ್ನು ಬಿಟ್ಟರು. 1922ರ ಜನವರಿ 13ರಂದು ಮದರಾಸಿನಲ್ಲಿ ಹರತಾಳದ ಜೊತೆಗೆ ದೊಂಬಿಯೂ ನಡೆಯಿತು.

ಆದರೆ ಈ ಕಥೆಯನ್ನು ಬರೀ ಶೌರ್ಯದ ಕಥೆಯಾಗಿ ಹೇಳುವುದು ಸರಿಯಲ್ಲ. ಯುವರಾಜ ಇಳಿದ ದಿನವೇ ಮುಂಬಯಿಯಲ್ಲಿ ಗಲಭೆ ಆರಂಭವಾಯಿತು. ಸ್ವಾಗತ ನೋಡಲು ಹೋಗಿ ಮನೆಗೆ ಹಿಂದಿರುಗುತ್ತಿದ್ದವರ ಮೇಲೆ, ಮುಖ್ಯವಾಗಿ ಪಾರ್ಸಿಗಳು, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರ ಮೇಲೆ ಹಲ್ಲೆಗಳಾದವು. ಅವರೂ ತಿರುಗಿ ಬಿದ್ದರು. ಪೊಲೀಸರ ಗುಂಡೂ ಸೇರಿ ಕೆಲವೇ ದಿನಗಳಲ್ಲಿ ಐವತ್ತಕ್ಕಿಂತ ಹೆಚ್ಚು ಜನ ಸತ್ತರು. ಮುಂಬಯಿಯಲ್ಲೇ ಇದ್ದ ಗಾಂಧೀಜಿ ಅಂದು ಬೆಳಿಗ್ಗೆ ಪರೇಲಿನಲ್ಲಿ ವಿದೇಶಿ ಬಟ್ಟೆಯ ಹೋಳಿಯನ್ನು ಹೊತ್ತಿಸಿದ್ದರು. ಸಂಜೆಯ ಹೊತ್ತಿಗೆ ಅವರು ಕಂಡದ್ದು ತಾವು ಬಯಸಿದ ಚಳವಳಿಯನ್ನಲ್ಲ. ನವೆಂಬರ್ 19ರಿಂದ ಉಪವಾಸ ಹಿಡಿದು, ನಗರ ಶಾಂತವಾದ ಮೇಲೆ 22ರಂದು ಮುಗಿಸಿದರು. ಬಾರ್ಡೋಲಿಯಲ್ಲಿ ಆರಂಭಿಸಬೇಕೆಂದಿದ್ದ ಕಾನೂನುಭಂಗ ಚಳವಳಿಯನ್ನು ಆಗ ಮುಂದೂಡಿದರು. ಸ್ವಾಗತಕ್ಕೆ ಹೋಗುವವನಿಗೂ ಹೋಗುವ ಹಕ್ಕು ಇದೆ. ಅವನನ್ನು ಹೊಡೆದು ಮನೆಯಲ್ಲಿ ಕೂರಿಸಿದರೆ ಆ ಖಾಲಿ ಬೀದಿ ಜನಾಭಿಪ್ರಾಯವಾಗುವುದಿಲ್ಲ ಎಂಬುದು ಆ ಉಪವಾಸದ ಒಳ ಅರ್ಥ.

ಈಗ ಭೀಮೆಯ ಈಚೆಯ ದಂಡೆಗೆ ಬರೋಣ. ಯುವರಾಜ ಬೆಂಗಳೂರು, ಮೈಸೂರುಗಳನ್ನು ನೋಡಿಕೊಂಡು 1922ರ ಜನವರಿ ತಿಂಗಳ ಉತ್ತರಾರ್ಧದಲ್ಲಿ ಹೈದರಾಬಾದಿಗೆ ಬಂದ. ನಿಜಾಮ ಮೀರ್ ಉಸ್ಮಾನ್ ಅಲೀ ಖಾನ್ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಅಪಾರ ಹಣ ಕೊಟ್ಟು ‘ನಿಷ್ಠಾವಂತ ಮಿತ್ರ’ ಎಂಬ ಬಿರುದು ಪಡೆದಿದ್ದ ಅರಸ. ಅಲ್ಲಿ ಸ್ವಾಗತ, ಔತಣ, ಮರ್ಯಾದೆಗಳು ಸಂಸ್ಥಾನದ ರಿವಾಜಿನಂತೆ ನಡೆದವು. ಹಾಗಾದರೆ ಮೊಗಲಾಯಿಯ ಪ್ರಜೆಗಳಿಗೆ ಯುವರಾಜನ ಮೇಲೆ ಬಹಳ ಪ್ರೀತಿಯಿತ್ತು ಎನ್ನಬೇಕೆ?

ಹಾಗೆನ್ನುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಖಿಲಾಫತ್ ಚಳವಳಿಯ ಕಾವು ಹೈದರಾಬಾದಿಗೂ ತಟ್ಟಿದ್ದರಿಂದ 1921ರಲ್ಲಿ ನಿಜಾಮರ ಫರ್ಮಾನೊಂದು ಹೊರಟಿತ್ತು. ಸರ್ಕಾರದ ಮುಂಚಿತ ಅನುಮತಿಯಿಲ್ಲದೆ ರಾಜಕೀಯ ಸಭೆ ನಡೆಸಕೂಡದು ಎಂಬುದು ಅದರ ಆಜ್ಞೆ. ಇಂಡಿಯಲ್ಲೋ ಸಿಂದಗಿಯಲ್ಲೋ ಸಭೆ ನಡೆಸಿದವನು ಜೈಲಿಗೆ ಹೋಗಬಹುದಿತ್ತು, ಆದರೆ ಸಭೆಯಂತೂ ಸೇರುತ್ತಿತ್ತು. ಮರುವಾರ ಪತ್ರಿಕೆಯಲ್ಲಿ ಅದರ ಸುದ್ದಿ ಬರುತ್ತಿತ್ತು. 1921ರಲ್ಲೇ ಧಾರವಾಡ ಸೀಮೆಯಲ್ಲಿ ‘ಕರ್ಮವೀರ’ ವಾರಪತ್ರಿಕೆ ಹುಟ್ಟಿತ್ತು. ಅಫಜಲಪುರದಲ್ಲಿ ಸಭೆಗೇ ಅಪ್ಪಣೆ ಬೇಕು. ಸಭೆಯಿಲ್ಲದ ಕಡೆ ಗೊತ್ತುವಳಿಯಿಲ್ಲ, ಗೊತ್ತುವಳಿಯಿಲ್ಲದ ಕಡೆ ದಾಖಲೆಯಿಲ್ಲ. ಅಂಗಡಿ ಮುಚ್ಚಲಿಲ್ಲ ಎಂಬುದರಿಂದ ಅಂಗಡಿಯವನ ಮನಸ್ಸು ತಿಳಿಯುವಂತಿರಲಿಲ್ಲ.

ಸುದ್ದಿ ತಲುಪಿರಲಿಲ್ಲ ಎನ್ನುವಂತೆಯೂ ಇಲ್ಲ. ಮುಂಬಯಿ–ಮದರಾಸು ರೈಲುಮಾರ್ಗ ಕಲಬುರಗಿಯ ಮೂಲಕವೇ ಹಾದುಹೋಗಿದೆ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದಲ್ಲಿರುವ ದತ್ತಕ್ಷೇತ್ರ ಗಾಣಗಾಪುರಕ್ಕೆ ಮುಂಬಯಿ ಇಲಾಖೆಯ ಯಾತ್ರಿಕರು ಬರುವುದು ಹಿಂದಿನಿಂದಲೂ ನಡೆದುಬಂದದ್ದು. ಕಲಬುರಗಿಯಲ್ಲಿ 1907ರಷ್ಟು ಹಿಂದೆಯೇ ರಾಷ್ಟ್ರೀಯ ಭಾವನೆಯ ಹಿರಿಯರು ನೂತನ ವಿದ್ಯಾಲಯವನ್ನು ತೆರೆದಿದ್ದರು. ಸುದ್ದಿ ಬರಲು ದಾರಿಗಳು ಬಹಳ ಇದ್ದವು. ಅಭಿಪ್ರಾಯ ಹೊರಗೆ ಹೋಗಲು ದಾರಿ ಇರಲಿಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ರಾಜಕುಮಾರನ ಪ್ರವಾಸದ ಬಗ್ಗೆ ಹೈದರಾಬಾದಿನಲ್ಲಿ ಮೊದಲು ಅಸಮಾಧಾನ ತೋರಿದ್ದು ಪ್ರಜೆಗಳಲ್ಲ, ಸ್ವತಃ ದರ್ಬಾರು. 1875ರಲ್ಲಿ ಆಗಿನ ಯುವರಾಜ, ಮುಂದಿನ ಏಳನೆಯ ಎಡ್ವರ್ಡ್, ಭಾರತಕ್ಕೆ ಬರುವನೆಂದು ಗೊತ್ತಾದಾಗ ನಿಜಾಮರು ಮುಂಬಯಿಗೆ ಬಂದು ಅವನನ್ನು ಎದುರುಗೊಳ್ಳಬೇಕೆಂದು ರೆಸಿಡೆಂಟ್ ಸಾಂಡರ್ಸ್ ಪಟ್ಟು ಹಿಡಿದ. ನಿಜಾಮ ಮೆಹಬೂಬ್ ಅಲೀ ಖಾನ್ ಆಗ ಒಂಬತ್ತು ವರ್ಷದ ಹುಡುಗ. ಹುಡುಗನ ಆರೋಗ್ಯ ಸೂಕ್ಷ್ಮ, ಅಷ್ಟು ದೂರದ ಪ್ರಯಾಣ ಆಗದು ಎಂದು ದಿವಾನ ಸರ್ ಸಾಲಾರ್ ಜಂಗ್ ವಾದಿಸಿದ. ಕಟುವಾದ ಪತ್ರವ್ಯವಹಾರ ನಡೆಯಿತು. ಕೊನೆಗೆ ಬಾಲ ನಿಜಾಮನಿಗೆ ವಿನಾಯಿತಿ ದೊರೆತು, ಸಾಲಾರ್ ಜಂಗನೇ ಸರದಾರರೊಡನೆ ಮುಂಬಯಿಗೆ ಹೋಗಿ ಬಂದ. ದೊರೆಗೇ ಬರಲಾರೆ ಎನ್ನಲು ಕಾಯಿಲೆಯ ನೆಪ ಬೇಕಾಗಿದ್ದ ಮೇಲೆ ಹಳ್ಳಿಯ ಪ್ರಜೆಯ ಪಾಡೇನು ಎಂಬುದನ್ನು ತಾವೇ ಊಹಿಸಬಹುದು.

ಹಳ್ಳಿಗಳ ಮಾತಿಗೆ ಬಂದರೆ ಖರ್ಚಿನ ಪ್ರಶ್ನೆಯೂ ಏಳುತ್ತದೆ. 1906ರಲ್ಲಿ ಹೈದರಾಬಾದಿಗೆ ಬಂದ ಯುವರಾಜ ದಂಪತಿಗಳು ಇಳಿದುಕೊಂಡದ್ದು ಫಲಕ್‌ನುಮಾ ಅರಮನೆಯಲ್ಲಿ. ಅದನ್ನು ಕಟ್ಟಿಸಿದವರು ಪಾಯಗಾ ಮನೆತನದ ವಿಕಾರ್ ಉಲ್ ಉಮ್ರಾ. ಆಮೇಲೆ ಅದು ನಿಜಾಮರ ಕೈಸೇರಿತು. ಪಾಯಗಾ ಅಮೀರರ ಆದಾಯ ಬರುತ್ತಿದ್ದುದು ಸಂಸ್ಥಾನದಲ್ಲಿ ಹಂಚಿಹೋಗಿದ್ದ ಅವರ ಜಾಗೀರು ಹಳ್ಳಿಗಳಿಂದ. ಕಲಬುರಗಿ, ಬೀದರ್ ಜಿಲ್ಲೆಗಳಲ್ಲೂ ಅಂಥ ಹಳ್ಳಿಗಳಿದ್ದವು. ಜೋಳ, ತೊಗರಿ ಬೆಳೆಯುವ ಎರೆ ಹೊಲದ ರೈತ ಕಟ್ಟಿದ ಕಂದಾಯವೇ ಕೊನೆಗೆ ದರ್ಬಾರಿನ ಅತಿಥಿಸತ್ಕಾರವಾಗುತ್ತಿತ್ತು. ಅಧಿಕಾರಿಗಳು ದೌರೆ ಬಂದರೆ ಬಂಡಿ, ಆಳು, ಮೇವು ಒದಗಿಸುವ ಬಿಟ್ಟಿ ಚಾಕರಿ ಸಂಸ್ಥಾನದ ಹಳ್ಳಿಗರಿಗೆ ಅಪರಿಚಿತವಲ್ಲ. ದೊಡ್ಡವರ ಪ್ರಯಾಣದ ಭಾರವನ್ನು ಹೊರುವವರು ಯಾರು ಎಂಬ ವಿಷಯದಲ್ಲಿ ಅವರ ಅಭಿಪ್ರಾಯಕ್ಕೆ ಪತ್ರಿಕೆಯ ಅಗತ್ಯವೂ ಇರಲಿಲ್ಲ.

ಈಚೆಯ ದಂಡೆಗೆ ಬಾಯಿ ಬರಲು ಮತ್ತೂ ಹಲವು ವರ್ಷ ಬೇಕಾಯಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ನಿಷೇಧ ಮುರಿದು ಸತ್ಯಾಗ್ರಹ ಹೂಡಿದವರ ಮುಂದಾಳು ಸ್ವಾಮಿ ರಮಾನಂದ ತೀರ್ಥರು. ಅವರು 1903ರಲ್ಲಿ ಹುಟ್ಟಿದ್ದು ಸಿಂದಗಿಯಲ್ಲಿ, ಎಂದರೆ ಗಡಿಯ ಆಚೆ. ಆಚೆ ಹುಟ್ಟಿ, ಸೊಲ್ಲಾಪುರದಲ್ಲಿ ಓದಿ, ಈಚೆಯ ಜನರ ಪರವಾಗಿ ಜೈಲು ಕಂಡರು. 1947–48ರಲ್ಲಿ ಸಂಸ್ಥಾನದೊಳಗೆ ಇರಲಾಗದ ಕಾರ್ಯಕರ್ತರು ಗಡಿಯಾಚೆ ಶಿಬಿರ ಹಾಕಿಕೊಂಡು ಹೋರಾಡಿದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಇಂಡಿ, ಸಿಂದಗಿ, ಆಳಂದ, ಅಫಜಲಪುರ, ಜೇವರ್ಗಿ ಎಲ್ಲವೂ ಒಂದೇ ರಾಜ್ಯಕ್ಕೆ ಸೇರಿದವು.

ಸ್ವತಂತ್ರ ಭಾರತಕ್ಕೂ ರಾಜಮನೆತನದವರು ಬಂದರು. 1961ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಬಂದಾಗ ಬೆಂಗಳೂರಿಗೂ ಭೇಟಿಯಿತ್ತು, ಲಾಲ್‌ಬಾಗಿನಲ್ಲಿ ಗಿಡ ನೆಟ್ಟರು. 1921ರ ಯುವರಾಜ ಈ ರಾಣಿಗೆ ದೊಡ್ಡಪ್ಪನಾಗಬೇಕು. ಆ ದೊಡ್ಡಪ್ಪನ ವಿರುದ್ಧ ಹರತಾಳದ ಕರಪತ್ರ ಹಂಚಿ ಜೈಲಿಗೆ ಹೋಗಿದ್ದ ನೆಹರೂ ಅವರೇ ಈಗ ಪ್ರಧಾನಿಯಾಗಿ ಮಗಳನ್ನು ಬರಮಾಡಿಕೊಂಡರು. ಇದರಲ್ಲಿ ವಿರೋಧಾಭಾಸವಿಲ್ಲ. ಕರೆದವರು ಪ್ರಜೆಗಳು ಆರಿಸಿದ ಸರ್ಕಾರದವರು, ಬಂದವರು ಅತಿಥಿ. ಅತಿಥಿಯ ನಡತೆಯನ್ನು ಟೀಕಿಸುವ ಸ್ವಾತಂತ್ರ್ಯವೂ ಉಳಿದಿತ್ತು. 1997ರಲ್ಲಿ ರಾಣಿ ಅಮೃತಸರದ ಜಲಿಯನ್‌ವಾಲಾ ಬಾಗಿಗೆ ಹೋಗಿ ಹೂಗುಚ್ಛ ಇಟ್ಟಾಗ ಕ್ಷಮೆ ಕೇಳಬೇಕೆಂಬ ಒತ್ತಾಯ ಬಹಿರಂಗವಾಗಿಯೇ ಕೇಳಿಬಂತು. ಅಲ್ಲಿನ ಫಲಕದಲ್ಲಿದ್ದ ಸತ್ತವರ ಸಂಖ್ಯೆಯನ್ನು ಪತಿ ಫಿಲಿಪ್ ಶಂಕಿಸಿ ಮಾತಾಡಿದ್ದು ಟೀಕೆಗೆ ಗುರಿಯಾಯಿತು. ಹಾಗೆ ಟೀಕಿಸಲು ಯಾರೂ ಗಡಿ ದಾಟಬೇಕಾಗಲಿಲ್ಲ. ಬೆಂಗಳೂರಿನಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರನ ಹೆಸರಿದ್ದ ರಸ್ತೆ ಇಂದು ಏಕೀಕರಣದ ಹಿರಿಯರಾದ ಆಲೂರು ವೆಂಕಟರಾಯರ ಹೆಸರಿನಲ್ಲಿದೆ. ಅದೂ ಒಂದು ಬಗೆಯ ಜನಾಭಿಪ್ರಾಯವೇ.

ಇಷ್ಟನ್ನು ಹೇಳಿದ್ದು ಇಂಗ್ಲೆಂಡಿನ ರಾಜಮನೆತನದ ಮೇಲಿನ ಕುತೂಹಲದಿಂದಲ್ಲ. ದೊಡ್ಡವರ ಸವಾರಿ ಈಗಲೂ ಊರುಗಳಿಗೆ ಬರುತ್ತದೆ. ಈಗಲೂ ಕಮಾನು ಕಟ್ಟುತ್ತಾರೆ, ಶಾಲೆಯ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಇನ್ನೊಂದು ಕಡೆ ಬಂದ್ ಎಂದು ಕೂಗಿ ಅಂಗಡಿಯ ಬಾಗಿಲು ಹಾಕಿಸುತ್ತಾರೆ. ಎರಡನ್ನೂ ಜನರ ಇಚ್ಛೆ ಎಂದೇ ಮರುದಿನ ವರ್ಣಿಸಲಾಗುತ್ತದೆ. ಸ್ವಾಗತಕ್ಕೆ ಬರಲೊಲ್ಲೆ ಎಂದವನು ಅಮಲ್ದಾರರ ಭಯವಿಲ್ಲದೆ ಮನೆಯಲ್ಲಿ ಇರಬಹುದಿತ್ತೇ, ಅಂಗಡಿ ತೆರೆಯುತ್ತೇನೆ ಎಂದವನು ಕಲ್ಲಿನ ಭಯವಿಲ್ಲದೆ ತೆರೆಯಬಹುದಿತ್ತೇ ಎಂದು ಮೊದಲು ಕೇಳಬೇಕು. 1921ರಲ್ಲಿ ಮುಂಬಯಿಯ ಪಾರ್ಸಿಗೆ ಎರಡನೆಯದು ಇರಲಿಲ್ಲ. ಅಫಜಲಪುರದವನಿಗೆ ಮೊದಲನೆಯದು ಇರಲಿಲ್ಲ. ಅವರಿಬ್ಬರ ಮನಸ್ಸಿನಲ್ಲಿ ಏನಿತ್ತೆಂಬುದು ಯುವರಾಜನ ಪ್ರವಾಸದ ವರದಿಗಳಲ್ಲಿ ಸೇರಲಿಲ್ಲ.

ಭೀಮೆಯ ಮೇಲೆ ಈಗ ಸೇತುವೆಗಳಿವೆ, ನಾಕಾಗಳು ಹೋಗಿವೆ, ಎರಡೂ ದಂಡೆಗಳಲ್ಲಿ ಒಂದೇ ಕಾನೂನು, ಒಂದೇ ನಾಣ್ಯ ನಡೆಯುತ್ತದೆ. ಆಚೆಯ ದಂಡೆಗೆ ಹೋಗದೆ ಈಚೆಯಲ್ಲಿಯೇ ನಿಂತು ಮಾತಾಡುವ ಅವಕಾಶ ಈ ತಾಲ್ಲೂಕುಗಳಿಗೆ ದೊರೆತದ್ದು ತಡವಾಗಿ. ತಡವಾಗಿ ದೊರೆತದ್ದನ್ನು ಜೋಪಾನವಾಗಿ ಕಾಯ್ದುಕೊಳ್ಳಬೇಕು.