ದಾನವೋ ಹಕ್ಕೋ: ಫಿಲಿಪೈನ್ಸ್ ದೇಶದಲ್ಲಿ ದೀನರ ಯೋಗಕ್ಷೇಮ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೀನರ ಸೇವೆಯಲ್ಲಿ ಸರ್ಕಾರದ ಪಾಲೆಷ್ಟು, ಧರ್ಮಸಭೆಯ ಪಾಲೆಷ್ಟು ಎಂಬ ವಿಷಯವಾಗಿ ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದಿರಿ. ನಮ್ಮ ನಾಡಿನ ಯೋಜನೆಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆದಕಾರಣ ನಾನು ಕಡಲಾಚೆಯ ಒಂದು ದೇಶವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಆ ದೇಶ ಫಿಲಿಪೈನ್ಸ್. ಅದು ನಮಗೆ ತೀರ ಅಪರಿಚಿತವಲ್ಲ. ನಮ್ಮ ಕರಾವಳಿಯಿಂದ ಕುವೈತಿಗೋ ದುಬೈಗೋ ದುಡಿಯಲು ಹೋದವರು ಅಲ್ಲಿಯ ದೇವಾಲಯಗಳಲ್ಲಿ ಕೊಂಕಣಿ ಬಲಿಪೂಜೆ ಮುಗಿದ ಪೀಠದಲ್ಲಿಯೇ ತಗಾಲೊಗ್ ಭಾಷೆಯ ಬಲಿಪೂಜೆ ನಡೆಯುವುದನ್ನು ಕಂಡಿದ್ದಾರೆ. ಆ ಜನರ ಭಕ್ತಿಯನ್ನು ಬಲ್ಲೆವು. ಅವರು ಮನೆ ಮಕ್ಕಳನ್ನು ಬಿಟ್ಟು ಅಷ್ಟು ದೂರ ಬಂದದ್ದೇಕೆಂದು ಕೇಳಿದವರು ಕಡಿಮೆ.

2020ರ ಜನಗಣತಿಯಂತೆ ಆ ದ್ವೀಪರಾಷ್ಟ್ರದ ಜನಸಂಖ್ಯೆ ಸುಮಾರು 10 ಕೋಟಿ 90 ಲಕ್ಷ. ಅವರಲ್ಲಿ ನೂರಕ್ಕೆ ಎಪ್ಪತ್ತೆಂಟು ಮಂದಿಗೂ ಹೆಚ್ಚು ಕಥೋಲಿಕರು. 2023ರಲ್ಲಿ ಅಲ್ಲಿಯ ಸರ್ಕಾರವೇ ಲೆಕ್ಕ ಹಾಕಿದಂತೆ ನೂರಕ್ಕೆ ಹದಿನೈದೂವರೆ ಜನ, ಅಂದರೆ ಒಂದು ಕೋಟಿ ಎಪ್ಪತ್ತೈದು ಲಕ್ಷ ಮಂದಿ, ಬಡತನದ ರೇಖೆಯ ಕೆಳಗಿದ್ದರು. ಕ್ರೈಸ್ತ ದೇಶವೆನಿಸಿಕೊಂಡ ನಾಡಿನಲ್ಲಿ ಇಷ್ಟೊಂದು ಮಂದಿ ಹಸಿದವರಿರುವುದೆಂತು ಎಂದು ಕೆಲವರು ಮೂಗೆಳೆಯುವುದುಂಟು. ಅದಕ್ಕೆ ಉತ್ತರ ಹೇಳಲು ನಾನಿಲ್ಲಿ ನಿಂತಿಲ್ಲ. ಆ ಹಸಿವಿಗೆ ಯಾರು, ಯಾವ ರೀತಿಯಲ್ಲಿ ಹೊಣೆಹೊತ್ತರು ಎಂಬುದಷ್ಟೇ ಇಂದಿನ ವಿಷಯ.

ಸ್ಪೇನ್ ದೇಶದವರ ಆಳ್ವಿಕೆಯ ಕಾಲದಲ್ಲಿ ಈ ಹೊಣೆ ಬಹುಮಟ್ಟಿಗೆ ಧರ್ಮಸಭೆಯದೇ ಆಗಿತ್ತು. 1594ರಲ್ಲಿಯೇ ಮನಿಲಾ ನಗರದಲ್ಲಿ 'ಮಿಸೆರಿಕಾರ್ಡಿಯ', ಎಂದರೆ ಕರುಣೆ, ಎಂಬ ಹೆಸರಿನ ಸಹೋದರ ಸಂಘ ಸ್ಥಾಪಿತವಾಯಿತು. ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. ಪಾಸಿಗ್ ನದಿಯ ನಡುಗಡ್ಡೆಯೊಂದರ ಮೇಲಿರುವ ಹಾಸ್ಪಿಸಿಯೊ ದೆ ಸಾನ್ ಹೊಸೆ ಎಂಬ ಅನಾಥಾಲಯದ ಮೂಲ 1778ಕ್ಕೆ ಹೋಗುತ್ತದೆ. ಸಂತ ವಿನ್ಸೆಂಟ್ ದೆ ಪೌಲರ ಕನ್ಯಾಸ್ತ್ರೀಯರು ಅದನ್ನು ಇಂದಿಗೂ ನಡೆಸುತ್ತಿದ್ದಾರೆ. ಅದರ ಬಾಗಿಲಲ್ಲಿ ತಿರುಗುವ ತೊಟ್ಟಿಲೊಂದಿದೆ. ಸಾಕಲಾರದ ತಾಯಿ ಹೊರಗಿನಿಂದ ಕೂಸನ್ನು ಅದರಲ್ಲಿಟ್ಟು ತಿರುಗಿಸಿದರೆ ಕೂಸು ಒಳಗಿನವರ ಕೈಸೇರುತ್ತಿತ್ತು. ತಾಯಿಯ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಪಡೆಯುವವರ ಮಾನ ಕಾಯುವ ಸೂಕ್ಷ್ಮವನ್ನು ಆ ಕಾಲದ ಬಡಗಿಯೊಬ್ಬ ಮರದಲ್ಲಿಯೇ ಮಾಡಿ ತೋರಿಸಿದ್ದ. ಇದನ್ನೇಕೆ ಹೇಳಿದೆನೆಂಬುದು ಮುಂದೆ ತಿಳಿಯುತ್ತದೆ.

ಅಮೆರಿಕನ್ನರ ಕಾಲದಲ್ಲಿ, 1915ರಲ್ಲಿ, ಸಾರ್ವಜನಿಕ ಕಲ್ಯಾಣ ಮಂಡಲಿಯ ಸ್ಥಾಪನೆಯೊಡನೆ ಸರ್ಕಾರ ಈ ಕ್ಷೇತ್ರಕ್ಕೆ ಕಾಲಿಟ್ಟಿತು. ಮುಂದೆ ಅದು ಬ್ಯೂರೋ ಆಯಿತು, ಆಯೋಗವಾಯಿತು, 1968ರಲ್ಲಿ ಪೂರ್ಣ ಪ್ರಮಾಣದ ಇಲಾಖೆಯಾಯಿತು; ಮಾರ್ಕೊಸರ ಕಾಲದಲ್ಲಿ ಮಂತ್ರಾಲಯವೆನಿಸಿತು; 1987ರಲ್ಲಿ ಸಮಾಜ ಕಲ್ಯಾಣ ಮತ್ತು ಅಭಿವೃದ್ಧಿ ಇಲಾಖೆ ಎಂಬ ಇಂದಿನ ಹೆಸರನ್ನು ಪಡೆಯಿತು. ಹೆಸರು ಬದಲಾಯಿಸುವುದರಲ್ಲಿ ಸರ್ಕಾರಗಳಿಗೆ ಎಲ್ಲ ದೇಶಗಳಲ್ಲೂ ಒಂದು ಬಗೆಯ ಉತ್ಸಾಹವಿರುತ್ತದೆ! ಆದರೆ 1987ರಲ್ಲಿ ಬದಲಾದದ್ದು ಹೆಸರೊಂದೇ ಅಲ್ಲ. 1986ರ ಫೆಬ್ರವರಿಯಲ್ಲಿ ಜನರು ಜಪಮಾಲೆ ಹಿಡಿದು ಬೀದಿಗಿಳಿದು ಸರ್ವಾಧಿಕಾರವನ್ನು ಕೊನೆಗಾಣಿಸಿದ ಮೇಲೆ ರಚಿತವಾದ ಹೊಸ ಸಂವಿಧಾನ ತನ್ನ ಹದಿಮೂರನೆಯ ಪ್ರಕರಣವನ್ನು ಪೂರ್ತಿಯಾಗಿ ಸಾಮಾಜಿಕ ನ್ಯಾಯಕ್ಕೆ ಮೀಸಲಿಟ್ಟಿತು. ಅಲ್ಲಿಯವರೆಗೆ ದಾನವೆನಿಸಿಕೊಂಡದ್ದು, ಕಾಗದದ ಮೇಲಾದರೂ, ಹಕ್ಕೆನಿಸಿಕೊಂಡಿತು.

1991ರ ಸ್ಥಳೀಯ ಆಡಳಿತ ಸಂಹಿತೆ ಈ ಕೆಲಸದ ಬಹುಭಾಗವನ್ನು ರಾಜಧಾನಿಯಿಂದ ಊರುಗಳಿಗೆ ವರ್ಗಾಯಿಸಿತು. 'ಬರಂಗಾಯ್' ಎಂಬುದು ಅಲ್ಲಿಯ ಅತಿ ಕಿರಿಯ ಆಡಳಿತ ಘಟಕ. ಅಂಥವು ನಲವತ್ತೆರಡು ಸಾವಿರ ಇವೆ. ನಮ್ಮ ಅಂಗನವಾಡಿಯನ್ನು ಹೋಲುವ ಶಿಶುವಿಹಾರ ಪ್ರತಿಯೊಂದು ಬರಂಗಾಯ್‌ನಲ್ಲೂ ಇರಬೇಕೆಂದು 1990ರಲ್ಲಿಯೇ ಕಾನೂನಾಗಿತ್ತು. ಅಧಿಕಾರ ಜನರ ಹತ್ತಿರಕ್ಕೆ ಬಂದದ್ದು ಒಳ್ಳೆಯದೇ. ಆದರೆ ಆದಾಯವುಳ್ಳ ನಗರ ತನ್ನ ಬಡವರನ್ನು ಚೆನ್ನಾಗಿ ನೋಡಿಕೊಂಡಿತು. ಆದಾಯವಿಲ್ಲದ ದೂರದ ದ್ವೀಪದ ಊರಿಗೆ, ಬಡವರು ಹೆಚ್ಚಾಗಿದ್ದರೂ, ಕೈಯಲ್ಲಿ ಕಾಸಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 'ಪಂತಾವಿದ್ ಪಮಿಲ್ಯಾಂಗ್ ಪಿಲಿಪಿನೊ' ಎಂಬ ಯೋಜನೆ 2007ರಲ್ಲಿ ಪ್ರಯೋಗರೂಪದಲ್ಲಿ ಆರಂಭವಾಗಿ 2008ರಲ್ಲಿ ವಿಸ್ತಾರಗೊಂಡಿತು. ನಾಲ್ಕು 'ಪ' ಎಂದು ಜನ ಅದನ್ನು ಚಿಕ್ಕದಾಗಿ ಕರೆಯುತ್ತಾರೆ. ಕುಟುಂಬವನ್ನು ಹೊಳೆ ದಾಟಿಸುವ ಸೇತುವೆ ಎಂಬ ಧ್ವನಿ ಆ ಹೆಸರಿನಲ್ಲಿದೆ. ಮೆಕ್ಸಿಕೊ, ಬ್ರೆಜಿಲ್ ದೇಶಗಳ ಅನುಭವವನ್ನು ನೋಡಿ ಇದನ್ನು ರೂಪಿಸಿದರು. ಮೊದಲು ಮನೆ ಮನೆಯ ಸಮೀಕ್ಷೆ ನಡೆಯಿತು: ಗೋಡೆ ಯಾವುದರದು, ಮಾಡು ಯಾವುದರದು, ನೀರು ಎಲ್ಲಿಂದ, ಮನೆಯಲ್ಲಿ ಏನೇನು ಸಾಮಾನುಗಳಿವೆ. ಇಂಥ ಉತ್ತರಗಳಿಂದ ಆದಾಯವನ್ನು ಅಂದಾಜು ಮಾಡಿ ಕಡುಬಡವರ ಪಟ್ಟಿ ಸಿದ್ಧವಾಯಿತು. ಪಟ್ಟಿಯಲ್ಲಿದ್ದ, ಬಸುರಿ ಹೆಂಗಸೋ ಹದಿನೆಂಟು ತುಂಬದ ಮಕ್ಕಳೋ ಇದ್ದ ಕುಟುಂಬಗಳಿಗೆ ಎರಡು ತಿಂಗಳಿಗೊಮ್ಮೆ ನಗದು ಹಣ. ಅದು ಸಾಮಾನ್ಯವಾಗಿ ತಾಯಿಯ ಹೆಸರಿನ ಬ್ಯಾಂಕು ಕಾರ್ಡಿಗೆ ಸಂದಾಯವಾಗುತ್ತದೆ. ಸುಮಾರು 44 ಲಕ್ಷ ಕುಟುಂಬಗಳು ಇದರ ವ್ಯಾಪ್ತಿಗೆ ಬಂದವು.

ಹಣ ಬರಿದೇ ಬರುವುದಿಲ್ಲ, ಅದಕ್ಕೆ ಷರತ್ತುಗಳುಂಟು. ಬಸುರಿ ಹೆಂಗಸು ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಹೋಗಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಬೇಕು. ಶಾಲೆಗೆ ಹೋಗುವ ಮಗುವಿನ ಹಾಜರಿ ನೂರಕ್ಕೆ 85ಕ್ಕಿಂತ ಕಡಿಮೆಯಾಗಬಾರದು. ಆದರೆ ಆ ಮಗುವಿನ ಪಾಲು ಕಡಿತವಾಗುತ್ತದೆ. ತಿಂಗಳಿಗೊಮ್ಮೆ ತಾಯಂದಿರೆಲ್ಲ ಒಂದೆಡೆ ಸೇರಿ ಸಂಸಾರ, ಆರೋಗ್ಯ, ಮಕ್ಕಳ ಪಾಲನೆ ಇವುಗಳ ಕುರಿತ ಪಾಠಕ್ಕೆ ಕುಳಿತುಕೊಳ್ಳಬೇಕು. 2019ರ ಏಪ್ರಿಲಿನಲ್ಲಿ 11310ನೆಯ ಗಣರಾಜ್ಯ ಶಾಸನ ಈ ಯೋಜನೆಗೆ ಕಾನೂನಿನ ಬಲ ಕೊಟ್ಟಿತು. ಒಂದು ಕುಟುಂಬಕ್ಕೆ ಗರಿಷ್ಠ ಏಳು ವರ್ಷವೆಂದೂ, ಮೂರು ಮಕ್ಕಳಿಗೆ ಮಾತ್ರವೆಂದೂ ನಿಗದಿಪಡಿಸಿತು.

ಬಡವರಿಗೆ ಷರತ್ತು ಹಾಕುವುದು ಅವಮಾನವಲ್ಲವೆ ಎಂದು ವಾದಿಸುವವರಿದ್ದಾರೆ. ಸಿರಿವಂತನಿಗೆ ತೆರಿಗೆ ವಿನಾಯಿತಿ ಕೊಡುವಾಗ ಅವನ ಮಗ ಶಾಲೆಗೆ ಹೋದನೇ ಎಂದು ಯಾರೂ ಕೇಳುವುದಿಲ್ಲವಷ್ಟೆ. ಆ ವಾದದಲ್ಲಿ ಹುರುಳಿದೆ. ಆದರೂ ಒಂದು ಮಾತು. ಕಬ್ಬಿನ ಗದ್ದೆಗೋ ಕಸದ ರಾಶಿಗೋ ಮಗುವನ್ನು ದುಡಿಮೆಗೆ ಎಳೆಯುವ ಮನೆಯಲ್ಲಿ, "ಶಾಲೆ ತಪ್ಪಿಸಿದರೆ ಹಣ ನಿಲ್ಲುತ್ತದೆ" ಎಂಬ ಮಾತು ತಾಯಿಯ ಕೈಯಲ್ಲಿ ಒಂದು ಆಯುಧ. ಗಂಡನೆದುರು, ಅತ್ತೆಯೆದುರು ಅವಳು ಅದನ್ನು ಬಳಸಬಲ್ಲಳು. ಆದ್ದರಿಂದ ನನಗೆ ಷರತ್ತಿನ ವಿಷಯದಲ್ಲಿ ಅಷ್ಟು ಬೇಸರವಿಲ್ಲ. ನನಗೆ ಬೇಸರವಿರುವುದು ಮೊತ್ತದ ವಿಷಯದಲ್ಲಿ. 2008ರಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ತಿಂಗಳಿಗೆ 300 ಪೆಸೊ ಗೊತ್ತುಮಾಡಿದ್ದರು. 2019ರ ಶಾಸನದಲ್ಲೂ ಅದು 300 ಪೆಸೊವೇ! ಒಂದು ಪೆಸೊ ಎಂದರೆ ನಮ್ಮ ಒಂದೂವರೆ ರೂಪಾಯಿಯ ಆಸುಪಾಸು. 2024ರಲ್ಲಿ ಮನಿಲಾದಲ್ಲಿ ಸಾಧಾರಣ ಅಕ್ಕಿ ಕಿಲೋಗೆ ಐವತ್ತು ಪೆಸೊ ಸಮೀಪಿಸಿತ್ತೆಂದರೆ ಆ ಹಣಕ್ಕೆ ಆರು ಕಿಲೋ ಅಕ್ಕಿ. ಪ್ರೌಢಶಾಲೆಯ ಕೆಳತರಗತಿಗಳವರಿಗೆ 500, ಮೇಲಿನ ತರಗತಿಗಳವರಿಗೆ 700, ಕುಟುಂಬದ ಆರೋಗ್ಯಕ್ಕೆ 750 ಎಂದು ಸ್ವಲ್ಪ ಏರಿಸಿದರು ನಿಜ. ಬೆಲೆಗಳು ಏರಿದ ವೇಗಕ್ಕೆ ಅದು ಸಾಲದು.

ಕಡಿಮೆಯಾದ ಮೊತ್ತ ಎಲ್ಲಿಗೆ ಒಯ್ಯುತ್ತದೆಂಬುದನ್ನೂ ಹೇಳಬೇಕು. ಮನೆಯಲ್ಲಿ ಕಾಯಿಲೆ ಬಂದಾಗ ಆ ಬ್ಯಾಂಕು ಕಾರ್ಡನ್ನೇ ಬಡ್ಡಿ ಸಾಹುಕಾರನಲ್ಲಿ ಅಡವಿಡುವವರುಂಟು. ಗುಪ್ತ ಸಂಖ್ಯೆಯೂ ಅವನ ಕೈಗೆ ಹೋಗುತ್ತದೆ. ಸಂದಾಯದ ದಿನ ಯಂತ್ರದ ಮುಂದೆ ನಿಲ್ಲುವವನು ಅವನೇ. ಇಲಾಖೆ ಇದನ್ನು ನಿಷೇಧಿಸಿದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕುಳಿತ ತಾಯಿಗೆ ನಿಷೇಧದ ಸುತ್ತೋಲೆ ಎಷ್ಟರಮಟ್ಟಿಗೆ ನೆನಪಿರುತ್ತದೆ?

ವೃದ್ಧರ ವಿಷಯ. ಅರವತ್ತು ದಾಟಿದವರಿಗೆ ಔಷಧ, ಊಟ, ಪ್ರಯಾಣಗಳಲ್ಲಿ ನೂರಕ್ಕೆ ಇಪ್ಪತ್ತು ರಿಯಾಯಿತಿ 1992ರ ಕಾನೂನಿನಿಂದ ಬಂದದ್ದು. ಅಂಗವಿಕಲರಿಗೂ ಅದು ದೊರೆಯುತ್ತದೆ. ಒಳ್ಳೆಯದೇ, ಆದರೆ ಕೊಳ್ಳಲು ಹಣವೇ ಇಲ್ಲದವನಿಗೆ ರಿಯಾಯಿತಿಯಿಂದ ಏನಾಗಬೇಕು? ಇದನ್ನು ಅರಿತೇ 2010ರ ಶಾಸನ ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 500 ಪೆಸೊ ಪಿಂಚಣಿ ಘೋಷಿಸಿತು. ಕಾನೂನು ಅರವತ್ತು ವರ್ಷವೆಂದಿತು. ಬೊಕ್ಕಸ ಎಪ್ಪತ್ತೇಳು ಎಂದಿತು. 2011ರಲ್ಲಿ ಹಣದ ಅಭಾವದಿಂದ ಎಪ್ಪತ್ತೇಳು ತುಂಬಿದವರಿಗೆ ಮಾತ್ರ ಕೊಡತೊಡಗಿ, ಅರವತ್ತರ ತನಕ ಇಳಿದು ಬರುವುದಕ್ಕೆ 2016 ಆಯಿತು. ಆ ನಡುವೆ ಕಾದು ಕುಳಿತವರೆಲ್ಲ ಉಳಿದಿದ್ದರೆಂದು ಹೇಳುವಂತಿಲ್ಲ. 2022ರ ಶಾಸನ ಆ ಮೊತ್ತವನ್ನು 1000ಕ್ಕೆ ಏರಿಸಿತು. ಕೈಗೆ ಬಂದದ್ದು 2024ರಲ್ಲಿ. ಇನ್ನು, ನೂರು ವರ್ಷ ಬದುಕಿದವರಿಗೆ 2016ರ ಕಾನೂನಿನಂತೆ ಸರ್ಕಾರ ಒಂದು ಲಕ್ಷ ಪೆಸೊ ಕಾಣಿಕೆಯನ್ನೂ ರಾಷ್ಟ್ರಾಧ್ಯಕ್ಷರ ಅಭಿನಂದನ ಪತ್ರವನ್ನೂ ಕೊಡುತ್ತದೆ. ಶತಮಾನೋತ್ಸವದ ಈ ವೇದಿಕೆಯಿಂದ ಇದನ್ನು ಹೇಳಲು ಸಂತೋಷವೇ. ಆದರೆ ನೂರಕ್ಕೆ ತಲುಪುವ ಬಡವರೆಷ್ಟು ಎಂಬುದನ್ನು ಲೋಕಸಭೆಯಲ್ಲಿ ಯಾರೋ ಎತ್ತಿದ್ದಿರಬೇಕು. 2024ರಲ್ಲಿ ಹೊಸ ಶಾಸನ ಬಂದು, ಎಂಬತ್ತು, ಎಂಬತ್ತೈದು, ತೊಂಬತ್ತು, ತೊಂಬತ್ತೈದು ತುಂಬಿದಾಗಲೂ ಹತ್ತು ಹತ್ತು ಸಾವಿರ ಕೊಡುವಂತಾಯಿತು.

ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೂ ಅಲ್ಲಿ ಪ್ರತ್ಯೇಕ ಕಾನೂನಿದೆ. ಹೊರದೇಶಕ್ಕೆ ದುಡಿಯಲು ಹೋದವರ ರಕ್ಷಣೆಯ ಶಾಸನ 1995ರಲ್ಲಿ ಬಂತು. ಸಿಂಗಪುರದಲ್ಲಿ ಫ್ಲೋರ್ ಕಾಂಟೆಂಪ್ಲಸಿಯೊನ್ ಎಂಬ ಮನೆಗೆಲಸದ ಹೆಂಗಸನ್ನು ಗಲ್ಲಿಗೇರಿಸಿದ ಮೂರೇ ತಿಂಗಳಲ್ಲಿ. ಇಡೀ ದೇಶ ಅತ್ತ ಮೇಲೆ ಬಂದ ಕಾನೂನು ಅದು.

ಆಪತ್ತಿನ ಕಾಲದ ನೆರವು ಬೇರೆಯೇ ಕಥೆ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಟಕ್ಲೊಬಾನ್ ನಗರವನ್ನು ನೆಲಸಮ ಮಾಡಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ತಮಗೆ ನೆನಪಿರಬಹುದು. ಪೋಪ್ ಫ್ರಾನ್ಸಿಸ್ ಅವರು 2015ರ ಜನವರಿಯಲ್ಲಿ ಅಲ್ಲಿಗೆ ಹೋಗಿ, ಮಳೆಗಾಳಿಯಲ್ಲಿ, ಜನರು ತೊಟ್ಟಿದ್ದಂಥದೇ ಹಳದಿ ಮಳೆಯಂಗಿ ತೊಟ್ಟು ಬಲಿಪೂಜೆ ಅರ್ಪಿಸಿದರು. 2020ರ ಮಹಾಮಾರಿಯ ಕಾಲದಲ್ಲಿ ಸುಮಾರು ಒಂದು ಕೋಟಿ ಎಂಬತ್ತು ಲಕ್ಷ ಕುಟುಂಬಗಳಿಗೆ ಐದರಿಂದ ಎಂಟು ಸಾವಿರ ಪೆಸೊ ಹಂಚಲು ಸರ್ಕಾರ ಮುಂದಾಯಿತು. ಇಂಥ ವಿಶಾಲ ಕಾರ್ಯವನ್ನು ಯಾವ ದತ್ತಿ ಸಂಸ್ಥೆಯೂ ಮಾಡಲಾರದು. ಅದಕ್ಕೆ ಸರ್ಕಾರವೇ ಬೇಕು.

ಆದರೆ ದಿನನಿತ್ಯದ ಆಪತ್ತು ಬೇರೆ. ಮಗುವಿಗೆ ಶಸ್ತ್ರಚಿಕಿತ್ಸೆ, ಗಂಡನ ಶವಸಂಸ್ಕಾರ, ಊರಿಗೆ ಮರಳಲು ಪ್ರಯಾಣವೆಚ್ಚ. ಇವುಗಳಿಗೆ ಇಲಾಖೆಯಲ್ಲಿ ನೆರವಿದೆ. ಬಡವರು ನಸುಕಿನಲ್ಲೇ ಬಂದು ಸಾಲು ನಿಲ್ಲುತ್ತಾರೆ. ಆಸ್ಪತ್ರೆಗೆ ಕೊಡುವ ಖಾತರಿ ಪತ್ರಕ್ಕೆ ಶಾಸಕರ ಶಿಫಾರಸು ಇದ್ದರೆ ಕೆಲಸ ಬೇಗ. ಹಣ ಜನರದು, ಪತ್ರದ ಮೇಲಿನ ಹೆಸರು ನಾಯಕನದು. 2024ರ ಆಯವ್ಯಯದಲ್ಲಿ ಕಡಿಮೆ ಸಂಬಳದವರಿಗೆಂದು ಇಪ್ಪತ್ತಾರು ಶತಕೋಟಿಗೂ ಹೆಚ್ಚು ಪೆಸೊಗಳ ಹೊಸ ನಿಧಿಯನ್ನು ಸೇರಿಸಿದಾಗ, ಇದು ಬಡವರಿಗೋ ಚುನಾವಣೆಗೋ ಎಂಬ ವಿವಾದ ಎದ್ದದ್ದು ಈ ಕಾರಣದಿಂದಲೇ. ತಗಾಲೊಗ್ ಭಾಷೆಯಲ್ಲಿ 'ಉತಾಂಗ್ ನ ಲೊಒಬ್' ಎಂಬ ಮಾತಿದೆ. ಒಳಗಿನ ಸಾಲ ಎಂದರ್ಥ. ಕಷ್ಟದಲ್ಲಿ ಕೈಹಿಡಿದವನಿಗೆ ಜೀವಮಾನವಿಡೀ ತೀರದ ಸಾಲ. ನಮ್ಮಲ್ಲಿ ಅನ್ನದ ಋಣ ಎನ್ನುತ್ತೇವಲ್ಲ, ಅದೇ. ಮನುಷ್ಯರ ನಡುವೆ ಅದು ಸುಂದರವಾದ ಗುಣ. ತೆರಿಗೆಯ ಹಣವನ್ನು ತನ್ನ ಕೈಯ ದಾನವೆಂಬಂತೆ ಕೊಡುವ ಜನನಾಯಕನ ಕೈಗೆ ಸಿಕ್ಕಾಗ ಮಾತ್ರ ಅದು ಮೂಗುದಾರವಾಗುತ್ತದೆ. ನಾಲ್ಕು 'ಪ' ಯೋಜನೆಯಲ್ಲಿ ಪಟ್ಟಿಯನ್ನು ಸಮೀಕ್ಷೆಯಿಂದ ಮಾಡಿ, ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದ್ದರ ನಿಜವಾದ ಬೆಲೆ ಇಲ್ಲಿದೆ. ಅಲ್ಲಿ ತಾಯಿ ಯಾರ ಮುಖವನ್ನೂ ನೋಡಬೇಕಿಲ್ಲ, ಯಾರಿಗೂ ಮುಖ ತೋರಿಸಬೇಕಿಲ್ಲ. ನದಿಯ ನಡುಗಡ್ಡೆಯ ಆ ತೊಟ್ಟಿಲಿನಂತೆಯೇ.

ಹಾಗಾದರೆ ಧರ್ಮಸಭೆಗೆ ಉಳಿದ ಕೆಲಸವೇನು? 1966ರಲ್ಲಿ ಅಲ್ಲಿಯ ಧರ್ಮಾಧ್ಯಕ್ಷರುಗಳು ಸಾಮಾಜಿಕ ಕಾರ್ಯಕ್ಕಾಗಿ ರಾಷ್ಟ್ರೀಯ ಕಾರ್ಯಾಲಯವನ್ನು ತೆರೆದರು. 1991ರಲ್ಲಿ ಸೇರಿದ ಅವರ ಎರಡನೆಯ ಮಹಾಸಭೆ, ತಾವು ಬಡವರ ಧರ್ಮಸಭೆಯಾಗಬೇಕೆಂದು ಸಾರಿತು. ಸರ್ಕಾರದೊಡನೆ ಅವರಿಗೆ ಘರ್ಷಣೆಯೂ ಇತ್ತು. 2012ರ ಸಂತಾನ ಆರೋಗ್ಯ ಶಾಸನವನ್ನು ಅವರು ಬಲವಾಗಿ ವಿರೋಧಿಸಿದರು, 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಬಹುಭಾಗವನ್ನು ಎತ್ತಿಹಿಡಿಯಿತು. ಆದರೆ ನಾನು ತಮ್ಮ ಗಮನಕ್ಕೆ ತರಬಯಸುವುದು ಪಟ್ಟಿಗೆ ಬಾರದವರನ್ನು. ಮನೆಯೇ ಇಲ್ಲದವನ ಮನೆಗೆ ಸಮೀಕ್ಷೆಯವರು ಬರುವುದೆಂತು? ಬೀದಿಯ ಕುಟುಂಬಗಳಿಗೆಂದು ಇಲಾಖೆ ಆಮೇಲೆ ಬೇರೆ ವ್ಯವಸ್ಥೆ ಮಾಡಿತು. ಅದೂ ಎಲ್ಲರನ್ನು ಮುಟ್ಟಲಿಲ್ಲ.

ಮನಿಲಾದಲ್ಲಿ ದೈವವಾಕ್ಯ ಸಭೆಯ ಗುರುಗಳಾದ ಫ್ಲಾವಿಯಾನೊ ವಿಲ್ಲನ್ಯೂವ ಅವರು 2015ರಲ್ಲಿ ಇಂಥವರಿಗಾಗಿ ಒಂದು ಕೇಂದ್ರವನ್ನು ತೆರೆದರು. ಅಲ್ಲಿ ಊಟವಿದೆ; ಊಟದಷ್ಟೇ ಮುಖ್ಯವಾಗಿ ಸ್ನಾನವಿದೆ, ಶುಭ್ರವಾದ ಬಟ್ಟೆಯಿದೆ. ಸ್ವತಃ ಮಾದಕ ವಸ್ತುವಿನ ಚಟದಿಂದ ಬಿಡಿಸಿಕೊಂಡು ಗುರುವಾದವರು ಅವರು. 2016ರಿಂದ ನಡೆದ ಮಾದಕ ವಸ್ತುವಿರೋಧಿ ಕಾರ್ಯಾಚರಣೆಯಲ್ಲಿ, ಸರ್ಕಾರದ ಲೆಕ್ಕದಂತೆಯೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಅವರ ವಿಧವೆಯರನ್ನೂ ಮಕ್ಕಳನ್ನೂ ಕರೆದು ಕೂರಿಸಿಕೊಂಡರು. 2025ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಆ ನಗರದಲ್ಲಿ ಬಡವರ ಗೋರಿಗೂ ಬಾಡಿಗೆಯುಂಟು; ಸಾಮಾನ್ಯವಾಗಿ ಐದು ವರ್ಷ ಕಳೆದ ಮೇಲೆ ಮತ್ತೆ ಹಣ ಕಟ್ಟದಿದ್ದರೆ ಅಸ್ಥಿಯನ್ನು ತೆಗೆದುಹಾಕುತ್ತಾರೆ. ಈ ಗುರುಗಳು ಹಾಗೆ ಹೊರಬಿದ್ದ ಅಸ್ಥಿಗಳನ್ನು ಕುಟುಂಬದವರೊಡನೆ ನಿಂತು ಎತ್ತಿಸಿ, ದಹನ ಮಾಡಿಸಿ, ಕರಂಡಕಗಳಲ್ಲಿಟ್ಟು, ಕಲೊಒಕಾನ್ ನಗರದ ಲಾ ಲೋಮ ಸ್ಮಶಾನದಲ್ಲಿ 2024ರಲ್ಲಿ ಅವುಗಳಿಗೆ ಒಂದು ಸ್ಮಾರಕ ಮಂದಿರ ಕಟ್ಟಿಸಿದರು. ಅಲ್ಲಿ ಬಾಡಿಗೆಯಿಲ್ಲ, ಪ್ರತಿಯೊಬ್ಬರ ಹೆಸರೂ ಬರೆದಿದೆ.