ಬಸಳೆಯ ಬಳ್ಳಿ, ಗೆಣ್ಣಿನ ಪಾಠ
(ಅಧ್ಯಾಪಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಐದನೆಯ ತರಗತಿಯಲ್ಲಿ ಸಸ್ಯಭಾಗಗಳ ಪಾಠ ಮಾಡುತ್ತಿದ್ದಾಗ ‘ಗೆಣ್ಣು’ ಎಂದರೇನೆಂದು ಕೇಳಿದೆ. ಒಬ್ಬರೂ ಉತ್ತರಿಸಲಿಲ್ಲ. ನಮ್ಮ ಕಾಸರಗೋಡಿನ ಆ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು, ಮಲೆಯಾಳ ಅಥವಾ ಕೊಂಕಣಿ. ಕನ್ನಡ ಅವರ ಪಾಲಿಗೆ ಪುಸ್ತಕದ ಭಾಷೆ. ಮರುದಿನ ಹಿತ್ತಿಲಿನಿಂದ ಬಸಳೆಯ ದಂಟೊಂದನ್ನು ಒಯ್ದು ಎಲೆ ಹುಟ್ಟುವ ಜಾಗವನ್ನು ಮುಟ್ಟಿ ನೋಡಲು ಹೇಳಿದೆ. ಆ ಪದವನ್ನು ಅವರು ಮತ್ತೆ ಮರೆಯಲಿಲ್ಲ.

ಬಸಳೆ ಬೆಳೆಸಲು ಹೆಚ್ಚಿನ ವೆಚ್ಚವಿಲ್ಲ. ಬಲಿತ ದಂಟನ್ನು ಮೂರು ನಾಲ್ಕು ಗೆಣ್ಣುಗಳಿರುವಂತೆ ಗೇಣುದ್ದಕ್ಕೆ ಕತ್ತರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ಓರೆಯಾಗಿ ನೆಡಬೇಕು. ಬೇರೊಡೆಯುವುದು ಗೆಣ್ಣಿನಿಂದಲೇ. ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ಅದಕ್ಕೆ ಹಿತ. ಬುಡದಲ್ಲಿ ತೇವವಿರಬೇಕು, ನೀರು ನಿಲ್ಲಬಾರದು. ನಿಂತರೆ ಬಳ್ಳಿ ಕೊಳೆಯುತ್ತದೆ. ಕುಡಿ ಚಾಚಿದೊಡನೆ ಚಪ್ಪರಕ್ಕೆ ಹಬ್ಬಿಸಬೇಕು. ತುದಿ ಕೊಯ್ದಷ್ಟೂ ಹೊಸ ಕವಲುಗಳು ಒಡೆಯುತ್ತವೆ. ಚುಕ್ಕೆರೋಗ ತಗಲಿದ ಎಲೆಗಳನ್ನು ಕಿತ್ತು ದೂರ ಹಾಕಬೇಕು.

ಎಲೆಯಂತೆ ದಂಟೂ ಅಡುಗೆಗೆ ಬರುತ್ತದೆ. ದಂಟನ್ನು ಮೊದಲು ಬೇಯಿಸಿ, ಎಲೆಯನ್ನು ಅನಂತರ ಸೇರಿಸಿ, ತೆಂಗಿನಕಾಯಿಯ ಮಸಾಲೆ ಅರೆದು ಹಾಕುವುದು ವಾಡಿಕೆ. ಹುರುಳಿಯಾಗಲಿ ಹಲಸಿನ ಬೀಜವಾಗಲಿ ಜೊತೆಗಿದ್ದರೆ ರುಚಿ ಹೆಚ್ಚು. ಈ ಸೊಪ್ಪಿನಲ್ಲಿ ‘ಎ’ ಮತ್ತು ‘ಸಿ’ ಜೀವಸತ್ವಗಳಿವೆ, ಸುಣ್ಣದಂಶವಿದೆ. ಆಕ್ಸಲೇಟ್ ಅಂಶವೂ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ಮಿತವಾಗಿ ತಿನ್ನಬೇಕು. ಮಾಗಿದ ಹಣ್ಣಿನ ನೇರಳೆ ರಸವನ್ನು ಮಕ್ಕಳು ಶಾಯಿಯಾಗಿಸಿ ಬರೆಯಬಹುದು.

ಇನ್ನು ಹೆಸರಿನ ಮಾತು. ಮಲೆಯಾಳದ ಮಗು ಇದನ್ನು ವಳ್ಳಿಚ್ಚೀರ ಎನ್ನುತ್ತದೆ. ಆದವಾನಿಯ ಕಡೆ ತೆಲುಗಿನಲ್ಲಿ ಬಚ್ಚಲಿ, ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಮಯಾಳು. ಮಗು ಮನೆಯ ಹೆಸರನ್ನು ಹೇಳಿದಾಗ ‘ತಪ್ಪು’ ಎನ್ನಬೇಡಿ. ಕರಿಹಲಗೆಯಲ್ಲಿ ಆ ಹೆಸರನ್ನೂ ಬರೆದು, ಪಕ್ಕದಲ್ಲಿ ಬಸಳೆ ಎಂದು ಬರೆಯಿರಿ. ಮನೆಮಾತಿಗೆ ಅವಮಾನವಾದ ತರಗತಿಯಲ್ಲಿ ಮಗು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿಗೆ ಕನ್ನಡ ಬರುವುದೂ ಇಲ್ಲ.

ಶಾಲೆಯ ಬಾವಿಕಟ್ಟೆಯ ಬಳಿ ಒಂದು ಚಪ್ಪರ ಹಾಕಿ. ಬಳ್ಳಿ, ಕುಡಿ, ತೊಟ್ಟು, ಗೆಣ್ಣು, ಕವಲು ಎಂಬ ಮಾತುಗಳನ್ನು ಮಕ್ಕಳು ಅದರಡಿಯಲ್ಲಿ ನಿಂತು ಕಲಿಯಲಿ. ಮಳೆಗಾಲ ಕಳೆದ ಮೇಲೆ ಪ್ರತಿ ಮಗುವಿನ ಕೈಗೂ ಒಂದೊಂದು ತುಂಡು ದಂಟು ಕೊಟ್ಟು ಮನೆಗೆ ಕಳುಹಿಸಿ.