ಮಕ್ಕಳಿಗೆ ಲ್ಯಾಪ್‌ಟಾಪು ಕೊಳ್ಳುವ ಮೊದಲು

(ಈ ವರ್ಷ ಮಕ್ಕಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸುವ ಸದಸ್ಯರಿಗಾಗಿ ಸಂಘದ ಕಚೇರಿಯಲ್ಲಿ ಕರೆದ ಸಭೆಯಲ್ಲಿ ಮಾಡಿದ ಭಾಷಣ)



ಈ ವಿಷಯದ ಮೇಲೆ ಮಾತಾಡಲು ನಾನು ಎದ್ದು ನಿಂತಾಗ ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ನಕ್ಕಿದ್ದು ನನಗೆ ಕಂಡಿತು. ನಗಬೇಕಾದ್ದೇ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವನು. ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದು ಕಪ್ಪು-ಬಸಿ ತೊಳೆದೆ, ಮೇಜು ಒರಸಿದೆ, ಆಮೇಲೆ ಸಪ್ಲೈಯರ್ ಆದೆ. ಕಂಪ್ಯೂಟರಿನ ಪಾಠವನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ಆದರೆ ಒಮ್ಮೆ ಮೋಸ ಹೋಗಿದ್ದೇನೆ. ಅದಾದ ಮೇಲೆ ನಮ್ಮ ಸದಸ್ಯರ ಮಕ್ಕಳೊಂದಿಗೆ ಅಂಗಡಿ ಅಂಗಡಿ ತಿರುಗಿ, ಕೇಳಿ ಕೇಳಿ ಒಂದಿಷ್ಟು ತಿಳಿದುಕೊಂಡಿದ್ದೇನೆ. ಆ ಬಂಡವಾಳದ ಮೇಲೆಯೇ ಇಂದು ಮಾತಾಡುತ್ತೇನೆ.

ಮೋಸ ಹೋದ ಕಥೆಯನ್ನೇ ಮೊದಲು ಹೇಳಿಬಿಡುವೆ. ೨೦೨೧ರಲ್ಲಿ ನನ್ನ ತಮ್ಮ ಇಂಜಿನಿಯರಿಂಗಿಗೆ ಸೇರಿದ. ಪಾಠವೆಲ್ಲ ಮನೆಯಿಂದಲೇ. ನಾನು ಒಂದು ಅಂಗಡಿಗೆ ಹೋಗಿ "ಕಡಿಮೆ ಬೆಲೆಯದು ಕೊಡಿ" ಎಂದೆ. ಅವರು ಇಪ್ಪತ್ತೇಳು ಸಾವಿರಕ್ಕೆ ಒಂದು ಹೊಸ ಲ್ಯಾಪ್‌ಟಾಪು ಕೊಟ್ಟರು, ಅದೂ ಕಂತಿನ ಮೇಲೆ. ಹೊರಗೆ ಚೆಂದ, ಹೊಳಪು. ಒಳಗೆ ಸೆಲೆರಾನ್ ಪ್ರೊಸೆಸರು, ೪ ಜಿಬಿ ರ್‍ಯಾಮು, ತಿರುಗುವ ಹಳೆಯ ಜಾತಿಯ ಹಾರ್ಡ್ ಡಿಸ್ಕು. ಗುಂಡಿ ಒತ್ತಿ ಚಹಾ ಕಾಯಿಸಿ ಕುಡಿದು ಬಂದರೂ ಅದು ಪೂರ್ತಿ ಎಚ್ಚರಾಗಿರುತ್ತಿರಲಿಲ್ಲ. ಮೇಷ್ಟ್ರ ಪಾಠ ಒಂದು ಕಡೆ, ಪ್ರೋಗ್ರಾಮು ಬರೆಯುವುದು ಇನ್ನೊಂದು ಕಡೆ, ಎರಡನ್ನೂ ಒಟ್ಟಿಗೆ ತೆರೆದರೆ ನಿಂತೇಹೋಗುತ್ತಿತ್ತು. ರ್‍ಯಾಮು ಹೆಚ್ಚಿಸೋಣವೆಂದು ರಿಪೇರಿಯವನಲ್ಲಿಗೆ ಒಯ್ದರೆ, ಅದನ್ನು ಒಳಗೆ ಬೆಸೆದುಬಿಟ್ಟಿದ್ದಾರೆ, ಏನೂ ಮಾಡುವಂತಿಲ್ಲ ಎಂದ. ಲ್ಯಾಪ್‌ಟಾಪು ಒಂದು ವರ್ಷಕ್ಕೆ ಮೂಲೆ ಸೇರಿತು. ಕಂತು ಮಾತ್ರ ಹದಿನೆಂಟು ತಿಂಗಳು ನಡೆಯಿತು.

ಎರಡನೆಯ ಕಥೆ ಇದಕ್ಕೆ ತದ್ವಿರುದ್ಧ. ನಮ್ಮ ಸಂಘದ ಒಬ್ಬ ಭಟ್ಟರ ಮಗಳಿಗೆ ೨೦೨೫ರಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು. ಭಟ್ಟರು ಇಪ್ಪತ್ತೆರಡು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತವರು. ಅಂಗಡಿಯವರು ಅವರಿಗೆ, "ಇಂಜಿನಿಯರಿಂಗ್ ಅಂದಮೇಲೆ ಗ್ರಾಫಿಕ್ ಕಾರ್ಡು ಇರುವ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು" ಎಂದು ತೊಂಬತ್ತೆರಡು ಸಾವಿರದ್ದನ್ನು ತೋರಿಸಿದ್ದರು. ಭಟ್ಟರು ಅರುವತ್ತು ಸಾವಿರ ಮುಂಗಡಕ್ಕೆ ಮಾಲಕರನ್ನು ಕೇಳಿಯೂ ಆಗಿತ್ತು. ಮಾಲಕರು ಸಂತೋಷದಿಂದ ಒಪ್ಪಿದರಂತೆ! ಅವರು ಯಾಕೆ ಒಪ್ಪಲಿಕ್ಕಿಲ್ಲ? ಅದೇ ಹೊಟೇಲಿನಲ್ಲಿ ವಾರದ ರಜೆ ತಪ್ಪಿಸಿದಾಗ ನಾವು ಅರ್ಜಿ ಬರೆದೆವು. ಸಹಿ ಹಾಕದವರು ಇಬ್ಬರೇ, ಇಬ್ಬರ ಮೇಲೂ ಮುಂಗಡ ಇತ್ತು. ನಾನು ಅವರನ್ನು ದೂರುವುದಿಲ್ಲ. ತಲೆಯ ಮೇಲೆ ಮಾಲಕರ ಸಾಲವಿರುವವನ ಕೈ ಸಹಿ ಮಾಡಲು ಏಳುವುದಿಲ್ಲ.

ನಾನು ಭಟ್ಟರಿಗೆ, "ನಾಲ್ಕು ದಿನ ತಡೆಯಿರಿ ಮಾರಾಯ್ರೆ" ಎಂದೆ. ಮಗಳಿಗೆ, "ನೀನು ಅಂಗಡಿಗೆ ಹೋಗಬೇಡ, ಕಾಲೇಜಿಗೆ ಹೋಗು. ಎರಡನೆಯ, ಮೂರನೆಯ ವರ್ಷದವರನ್ನು ಕಂಡು, ಯಾವ ವರ್ಷ ಯಾವ ಸಾಫ್ಟ್‌ವೇರು ಬೇಕು, ಕಾಲೇಜಿನ ಲ್ಯಾಬು ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಬಾ" ಎಂದೆ. ಹುಡುಗಿ ಚುರುಕು. ಎರಡೇ ದಿನದಲ್ಲಿ ಬಂದು, "ಮಾಮ, ಮೊದಲ ವರ್ಷ ಗಣಿತ, ಭೌತಶಾಸ್ತ್ರ, ಡ್ರಾಯಿಂಗು, ಒಂದಿಷ್ಟು ಪ್ರೋಗ್ರಾಮಿಂಗು, ಅಷ್ಟೇ ಅಂತೆ. ದೊಡ್ಡ ಸಾಫ್ಟ್‌ವೇರೆಲ್ಲ ಮುಂದೆ, ಅದೂ ಲ್ಯಾಬಿನಲ್ಲಿ ಇದೆ" ಎಂದಳು. ಕೊನೆಗೆ ನಾವು ಕೊಂಡದ್ದು ಕಂಪೆನಿಯೊಂದರಲ್ಲಿ ಬಳಸಿ ಬಿಟ್ಟ ಥಿಂಕ್‌ಪ್ಯಾಡು. ಹತ್ತನೆಯ ತಲೆಮಾರಿನ ಐ-೫, ೮ ಜಿಬಿ ರ್‍ಯಾಮು, ಬೆಲೆ ಇಪ್ಪತ್ತಾರು ಸಾವಿರ. ಖಾಲಿ ಇದ್ದ ಸ್ಲಾಟಿಗೆ ಎರಡು ಸಾವಿರದೊಳಗೆ ಇನ್ನೊಂದು ೮ ಜಿಬಿ ಹಾಕಿಸಿದೆವು. ಮಾಲಕರ ಮುಂಗಡ ಮಾಲಕರ ಗಲ್ಲೆಯಲ್ಲಿಯೇ ಉಳಿಯಿತು. ಮೂರನೆಯ ವರ್ಷಕ್ಕೆ ಅದು ಸಾಲದೆ ಹೋದರೆ ಆಗ ನೋಡುವುದು.

ಹೀಗೆ, ಅತಿ ಅಗ್ಗದ್ದೂ ಮೋಸ, ಅತಿ ದುಬಾರಿಯದೂ ಮೋಸ. ನಡುವಿನದನ್ನು ಗುರುತಿಸಲು ಒಳಗೆ ಏನಿದೆ ಎಂದು ಸ್ವಲ್ಪ ತಿಳಿಯಬೇಕು. ನಮ್ಮ ಅಡಿಗೆಮನೆಯನ್ನೇ ನೆನೆಸಿಕೊಳ್ಳಿ. ಪ್ರೊಸೆಸರು ಎಂದರೆ ಅಡಿಗೆ ಭಟ್ಟರು. ರ್‍ಯಾಮು ಎಂದರೆ ಅವರ ಮುಂದಿನ ಕಟ್ಟೆ. ಎಸ್‌ಎಸ್‌ಡಿ ಎಂದರೆ ಉಗ್ರಾಣ. ಭಟ್ಟರು ಎಷ್ಟು ಜೋರಿದ್ದರೇನು, ಕಟ್ಟೆ ಅಂಗೈಯಗಲ ಇದ್ದರೆ ಒಂದು ಪಾತ್ರೆ ಇಳಿಸಿಯೇ ಇನ್ನೊಂದು ಇಡಬೇಕು. ಪ್ರತಿಸಲ ಉಗ್ರಾಣಕ್ಕೆ ಓಡಬೇಕು. ನನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ಆದದ್ದು ಇದೇ.

ಕಟ್ಟೆಯ ಮಾತು ಮೊದಲು. ನಾಲ್ಕು ವರ್ಷದ ಓದಿಗೆ ೧೬ ಜಿಬಿ ರ್‍ಯಾಮು ಬೇಕು. ಕೈ ಬಿಗಿ ಇದ್ದರೆ ೮ ಜಿಬಿಯದನ್ನು ಕೊಳ್ಳಬಹುದು, ಆದರೆ ಮುಂದೆ ಹೆಚ್ಚಿಸಲು ಖಾಲಿ ಸ್ಲಾಟು ಇದ್ದರೆ ಮಾತ್ರ. ಅಂಗಡಿಯವರ ಬಾಯಿಮಾತು ಸಾಲದು. ಆ ಮಾಡೆಲಿನ ಹೆಸರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ ನೋಡಿರಿ. ಇನ್ನೊಂದು ಮಾತು, ೨೦೨೫ರ ಕೊನೆಯಲ್ಲಿ ರ್‍ಯಾಮಿನ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಎ.ಐ. ಎಂಬುದಕ್ಕಾಗಿ ಕಟ್ಟುವ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಹೋಗತೊಡಗಿದ್ದೇ ಕಾರಣ. ಭಟ್ಟರ ಮಗಳಿಗೆ ನಾವು ಎರಡು ಸಾವಿರದೊಳಗೆ ಹಾಕಿಸಿದ ತುಂಡಿಗೆ ಅದೇ ವರ್ಷದ ಕೊನೆಗೆ ಇಮ್ಮಡಿಗಿಂತ ಹೆಚ್ಚು ಕೇಳಿದರು. ಆದುದರಿಂದ ಆಮೇಲೆ ಹಾಕಿಸುವುದು ಯಾವಾಗಲೂ ಅಗ್ಗ ಎಂದು ತಿಳಿಯಬೇಡಿ, ಎರಡು ಲೆಕ್ಕವನ್ನೂ ಹಾಕಿ ನೋಡಿರಿ.

ಉಗ್ರಾಣಕ್ಕೆ ೫೧೨ ಜಿಬಿ ಎಸ್‌ಎಸ್‌ಡಿ ಇದ್ದರೆ ಸಾಕು. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ ಓಡುವ ಲ್ಯಾಪ್‌ಟಾಪನ್ನು ಪುಕ್ಕಟೆ ಕೊಟ್ಟರೂ ಯೋಚಿಸಿ ತೆಗೆದುಕೊಳ್ಳಿ.

ಪ್ರೊಸೆಸರಿನ ವಿಷಯದಲ್ಲಿ ಹೆಸರಿನ ಆಟ ಬಹಳ. ಇಂಟೆಲ್ ಕಂಪೆನಿಯ ಐ-೩, ಐ-೫, ಐ-೭. ಎಎಮ್‌ಡಿ ಕಂಪೆನಿಯ ರೈಜನ್ ೩, ೫, ೭. ಅಂಗಡಿಯವರು "ಐ-೭ ಇದೆ" ಎಂದು ಕುಣಿಯುತ್ತಾರೆ. ಯಾವ ತಲೆಮಾರಿನದು ಎಂದು ಕೇಳಬೇಕು. ಐ-೫ ಎಂಬುದರ ಮುಂದೆ ೧೨೩೫ ಎಂದಿದ್ದರೆ ಅದು ಹನ್ನೆರಡನೆಯ ತಲೆಮಾರು, ೧೩೩೫ ಎಂದಿದ್ದರೆ ಹದಿಮೂರನೆಯದು. ಹಳೆಯ ತಲೆಮಾರಿನ ಐ-೭ಕ್ಕಿಂತ ಹೊಸ ಐ-೫ ಎಷ್ಟೋ ಮೇಲು. ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ. ಯು ಎಂದಿದ್ದರೆ ಕರೆಂಟು ಕಡಿಮೆ ತಿನ್ನುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಎಚ್ ಎಂದಿದ್ದರೆ ಬಲ ಹೆಚ್ಚು, ಬಿಸಿಯೂ ಹೆಚ್ಚು. ೨೦೨೩ರ ಕೊನೆಯಿಂದ ಇಂಟೆಲ್‌ನವರು ಐ ಅಕ್ಷರವನ್ನು ಬಿಟ್ಟು ಕೋರ್ ೫, ಕೋರ್ ಅಲ್ಟ್ರಾ ೫ ಎಂದು ಹೊಸ ನಾಮಕರಣ ಮಾಡತೊಡಗಿದ್ದಾರೆ. ಸೆಲೆರಾನ್ ಎಂಬ ಹೆಸರನ್ನೂ ಹೊಸ ಲ್ಯಾಪ್‌ಟಾಪುಗಳಲ್ಲಿ ಕೈಬಿಟ್ಟರು. ಆದರೆ ಎನ್-೧೦೦ ಮುಂತಾದ ಹೆಸರಿನಲ್ಲಿ ಅದೇ ಬಡ ಜಾತಿ ಈಗಲೂ ಇದೆ. ಇಂಜಿನಿಯರಿಂಗಿಗೆ ಅದು ಬೇಡ. ಇಂಟರ್‌ನೆಟ್ಟಿಗೆಂದೇ ಮಾಡಿದ ಕ್ರೋಮ್‌ಬುಕ್ಕೂ ಬೇಡ.

ಗ್ರಾಫಿಕ್ ಕಾರ್ಡು ಬೇಕೇ? ಕಂಪ್ಯೂಟರ್, ಐ.ಟಿ., ಎಲೆಕ್ಟ್ರಾನಿಕ್ಸ್ ಓದುವವರಿಗೆ ಸಾಮಾನ್ಯವಾಗಿ ಬೇಡ. ಆ ಹಣವನ್ನು ರ್‍ಯಾಮಿಗೆ ಹಾಕುವುದು ಲೇಸು. ಎ.ಐ. ಕಲಿಯುವವರು ಮೊದಮೊದಲ ಅಭ್ಯಾಸವನ್ನು ಗೂಗಲಿನ ಕೊಲ್ಯಾಬಿನಲ್ಲಿ ಪುಕ್ಕಟೆಯಾಗಿ ಮಾಡಬಹುದು. ಮೆಕ್ಯಾನಿಕಲ್, ಸಿವಿಲ್ ಓದುವವರು ದೊಡ್ಡ ಮೂರು ಆಯಾಮದ ನಕ್ಷೆ ಮಾಡುವಾಗ ಕಾರ್ಡು ನೆರವಾಗುತ್ತದೆ, ನಿಜ. ಮೊದಲೆರಡು ವರ್ಷದ ಡ್ರಾಯಿಂಗಿಗೆ ಅದಿಲ್ಲದೆಯೂ ನಡೆಯುತ್ತದೆ. ಆಪಲ್ ಕಂಪೆನಿಯದರ ಮೇಲೆ ಮಕ್ಕಳಿಗೆ ಆಸೆ ಇರುತ್ತದೆ. ಒಳ್ಳೆಯ ಯಂತ್ರವೇ ಹೌದು. ಆದರೆ ಸಾಲಿಡ್‌ವರ್ಕ್ಸ್, ಕ್ಯಾಟಿಯಾ ಇವು ವಿಂಡೋಸಿಗೆಂದೇ ಮಾಡಿದವು. ಮೆಕ್ಯಾನಿಕಲ್ ಹುಡುಗನಿಗೆ ಅದನ್ನು ಕೊಡಿಸಿ ಆಮೇಲೆ ಪರದಾಡಬೇಡಿ.

ನಮ್ಮ ಚಾಳಿನಲ್ಲಿ ಗಿರಣಿಯಲ್ಲಿ ದುಡಿದ ಒಬ್ಬ ಅಜ್ಜ ಇದ್ದಾರೆ, ೧೯೮೨ರ ಮುಷ್ಕರವನ್ನು ಕಂಡವರು. ಮೊನ್ನೆ ನಾನು ಇದನ್ನೆಲ್ಲ ಅವರಿಗೆ ಹೇಳುತ್ತಿದ್ದರೆ, "ನಮ್ಮ ಕಾಲದಲ್ಲಿ ಒಂದು ಡ್ರಾಯಿಂಗ್ ಬೋರ್ಡು, ಒಂದು ಡ್ರಾಫ್ಟರು. ಸೀನಿಯರ್ ಹುಡುಗರಿಂದ ಅರ್ಧ ಬೆಲೆಗೆ ತಂದೆವು, ಓದು ಮುಗಿದ ಮೇಲೆ ಅದೇ ಬೆಲೆಗೆ ಮಾರಿದೆವು" ಎಂದರು. ಅಜ್ಜ ಹೇಳಿದ್ದು ಹಳೆಯದಾದರೂ ದಾರಿ ಅದೇ. ಆದುದರಿಂದ ಈಗ ಬಳಸಿದ ಲ್ಯಾಪ್‌ಟಾಪಿನ ಮಾತಿಗೆ ಬರುತ್ತೇನೆ.

ದೊಡ್ಡ ಕಂಪೆನಿಗಳು ನೌಕರರಿಗೆ ಕೊಟ್ಟ ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುತ್ತವೆ. ಲೆನೊವೋದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಇವು ಆಫೀಸಿಗೆಂದು ಗಟ್ಟಿಯಾಗಿ ಮಾಡಿದವು, ಬಿಡಿಭಾಗ ಸಿಗುತ್ತದೆ. ಗ್ರಾಂಟ್ ರೋಡ್ ಸ್ಟೇಶನಿನ ಹತ್ತಿರ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇಂತಹವನ್ನು ಮಾರುವ ಅಂಗಡಿಗಳಿವೆ. ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ ಎಸ್.ಪಿ. ರೋಡು ಇದೆ. ಅಲ್ಲಿಗೆ ಹೋಗುವಾಗ ಅವಸರ ಬೇಡ, ಒಬ್ಬರೇ ಹೋಗುವುದೂ ಬೇಡ.

ಮೊದಲನೆಯದಾಗಿ, ಇಂಟೆಲ್ ಆದರೆ ಎಂಟನೆಯ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ನ್ನು ಅವರು ಒಪ್ಪುವುದು ಎಂಟನೆಯ ತಲೆಮಾರಿನಿಂದ ಈಚೆಯದರಲ್ಲಿ. ಹಳೆಯದರಲ್ಲಿ ಹೇಗೋ ತುರುಕಿ ಕೊಡುವವರಿದ್ದಾರೆ; ಮುಂದೆ ತೊಂದರೆ ಬಂದರೆ ಅವರು ಸಿಗುವುದಿಲ್ಲ. ಎರಡನೆಯದಾಗಿ, ಮೊದಲೇ ಚಾಲೂ ಮಾಡಿಟ್ಟದ್ದನ್ನು ನೋಡಿ ಒಪ್ಪಬೇಡಿ. ಪೂರ್ತಿ ಆರಿಸಿ, ನಿಮ್ಮ ಕಣ್ಣೆದುರು ಮತ್ತೆ ಹಾಕಿಸಿ. ಹಾಕುವಾಗ ಯಾವುದಾದರೂ ಪಾಸ್‌ವರ್ಡು ಕೇಳಿದರೆ, ಅಥವಾ ಯಾವುದೋ ಕಂಪೆನಿಯ ಹೆಸರು ಬಂದು ಅವರ ಈಮೇಲು ಕೇಳಿದರೆ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಒಂದೊಂದು ಅಕ್ಷರದ ಗುಂಡಿಯನ್ನೂ ಒತ್ತಿ ನೋಡಿ. ಪರದೆಯನ್ನು ನಾಲ್ಕು ಸಲ ತೆರೆದು ಮುಚ್ಚಿ, ಬಿಜಾಗರಿ ಸಡಿಲವಿದೆಯೇ ಎಂದು ನೋಡಿ. ನಿಮ್ಮ ಮೊಬೈಲಿನಿಂದ ಹಾಟ್‌ಸ್ಪಾಟು ಕೊಟ್ಟು ವೈಫೈ ಪರೀಕ್ಷಿಸಿ.

ಬ್ಯಾಟರಿಯ ಆರೋಗ್ಯ ತಿಳಿಯಲು ಒಂದು ಉಪಾಯವಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ' ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ 'ಬ್ಯಾಟರಿರಿಪೋರ್ಟ್' ಎಂದು ಸೇರಿಸಿ ಬರೆದರೆ ಒಂದು ವರದಿ ಬರುತ್ತದೆ. ಇಂಗ್ಲಿಷಿನಲ್ಲಿಯೇ ಬರೆಯಬೇಕು, ಮಕ್ಕಳಿಗೆ ಗೊತ್ತಾಗುತ್ತದೆ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿ ಅದರಲ್ಲಿರುತ್ತವೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮುರಿದುಕೊಂಡು ಕೇಳಿ. ಕೆಳಭಾಗದ ಸೀರಿಯಲ್ ನಂಬರು ಬಿಲ್ಲಿನಲ್ಲಿ ಬರೆದಿರಬೇಕು. ಜಿಎಸ್‌ಟಿ ಬಿಲ್ಲು ಇಲ್ಲದೆ ಸಾವಿರ ರೂಪಾಯಿ ಕಡಿಮೆ ಮಾಡುತ್ತೇವೆ ಎಂದರೆ ಬೇಡವೆನ್ನಿ. ನಾಳೆ ಅದು ಕದ್ದ ಮಾಲೆಂದು ಗೊತ್ತಾದರೆ ಠಾಣೆಯಲ್ಲಿ ನಿಲ್ಲುವವರು ನೀವು, ಅಂಗಡಿಯವರಲ್ಲ.

ಇನ್ನು ಹಣದ ಮಾತು. "ನೋ ಕಾಸ್ಟ್ ಇಎಮ್‌ಐ" ಎಂದು ಎಲ್ಲೆಲ್ಲೂ ಬೋರ್ಡು. ಬಡ್ಡಿಯಿಲ್ಲದೆ ಸಾಲ ಕೊಡುವ ಪುಣ್ಯಾತ್ಮ ನನಗಂತೂ ಈವರೆಗೆ ಸಿಕ್ಕಿಲ್ಲ. ರಿಸರ್ವ್ ಬ್ಯಾಂಕೇ ೨೦೧೩ರಲ್ಲಿ, ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ಬ್ಯಾಂಕುಗಳಿಗೆ ಬರೆದಿತ್ತು. ಲೆಕ್ಕ ಹೀಗೆ: ಕಂತಿಗೆ ೪೮,೦೦೦ ರೂಪಾಯಿ, ತಿಂಗಳಿಗೆ ೮,೦೦೦ದಂತೆ ಆರು ತಿಂಗಳು. ನಗದಿಗೆ ಅದೇ ವಸ್ತು ೪೫,೦೦೦ಕ್ಕೆ ಸಿಗುತ್ತದೆ. ಆ ಮೂರು ಸಾವಿರವೇ ಬಡ್ಡಿ. ಇದರ ಮೇಲೆ ಪ್ರೊಸೆಸಿಂಗ್ ಫೀ, ಅದರ ಮೇಲೆ ಜಿಎಸ್‌ಟಿ. ಒಂದು ಕಂತು ತಪ್ಪಿದರೆ ದಂಡ. ಊರಿನಲ್ಲಿ ಜಾತ್ರೆ, ಮನೆಯಲ್ಲಿ ಕಾಯಿಲೆ, ಹೊಟೇಲು ರಿಪೇರಿಗೆಂದು ಹದಿನೈದು ದಿನ ಬಂದ್, ನಮ್ಮ ಬದುಕಿನಲ್ಲಿ ಕಂತು ತಪ್ಪಲು ಕಾರಣಕ್ಕೆ ಬರವೇ? "ನಗದಿಗೆ ಕೊನೆಯ ಬೆಲೆ ಎಷ್ಟು?" ಎಂದು ಮೊದಲು ಕೇಳಿ ಬರೆದುಕೊಳ್ಳಿ. ಕಂತಿನ ಮಾತು ಆಮೇಲೆ.

ಬಹಳ ಜನರಿಗೆ ತಿಳಿಯದ ಒಂದು ದಾರಿ ಇದೆ. ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ, ಓದಿಗೆ ಅವಶ್ಯವಿದ್ದರೆ ಕಂಪ್ಯೂಟರಿನ ಬೆಲೆಯನ್ನೂ ಖರ್ಚಿನಲ್ಲಿ ಸೇರಿಸಲು ಅವಕಾಶವಿದೆ. ನಾಲ್ಕು ಲಕ್ಷದವರೆಗೆ ಜಮೀನು, ಮನೆ ಅಡವು ಬೇಡ. ನಮ್ಮ ಪಾಲಿನ ಹಣವೂ ಬೇಡ. ತೀರಿಸುವುದು ಓದು ಮುಗಿದು ಒಂದು ವರ್ಷದ ಮೇಲೆ. ಆದರೆ ನಡುವಿನ ಕಾಲಕ್ಕೂ ಬಡ್ಡಿ ಬೆಳೆಯುತ್ತದೆ, ಅದನ್ನು ಮರೆಯಬೇಡಿ. ಫೀಜಿಗೆಂದು ಹೇಗೂ ಈ ಸಾಲ ಮಾಡುವವರು, ಅರ್ಜಿ ಕೊಡುವಾಗಲೇ ಅಂಗಡಿಯ ಕೊಟೇಶನ್ನು ಜೊತೆಗಿಡಿ. ಆಮೇಲೆ ಹೋಗಿ ಸೇರಿಸಿ ಎಂದರೆ ಮ್ಯಾನೇಜರು ಕಾಗದ ಮುಟ್ಟುವುದಿಲ್ಲ.

ಸಾಫ್ಟ್‌ವೇರಿಗೆ ಹಣ ಸುರಿಯಬೇಡಿ, ಕದ್ದ ಪ್ರತಿಯನ್ನೂ ಹಾಕಿಸಬೇಡಿ; ಅದರೊಡನೆ ವೈರಸ್ಸೂ ಬರುತ್ತದೆ. ಆಟೋಕ್ಯಾಡಿನವರು ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತಾರೆ. ಮ್ಯಾಟ್‌ಲ್ಯಾಬು ಕಾಲೇಜಿನ ಲೆಕ್ಕದಲ್ಲಿ ಸಿಗುವುದೇ ಎಂದು ಕೇಳಬೇಕು, ಇಲ್ಲದಿದ್ದರೆ ಆಕ್ಟೇವ್ ಎಂಬುದು ಪುಕ್ಕಟೆ ಇದೆ. ನಮ್ಮ ಪವಾಯಿಯ ಐ.ಐ.ಟಿ.ಯವರು ಸ್ಪೋಕನ್ ಟ್ಯುಟೋರಿಯಲ್ ಎಂಬ ಹೆಸರಿನಲ್ಲಿ ಇಂತಹ ಪುಕ್ಕಟೆ ಸಾಫ್ಟ್‌ವೇರುಗಳ ಪಾಠ ಮಾಡಿಟ್ಟಿದ್ದಾರೆ, ಕೆಲವು ಕನ್ನಡದಲ್ಲಿಯೂ ಇವೆ.

ತೂಕವನ್ನೂ ನೋಡಿರಿ. ಗೇಮಿಂಗ್ ಲ್ಯಾಪ್‌ಟಾಪು ಎರಡು ಕಿಲೋದ ಮೇಲೆ, ಅದರ ಚಾರ್ಜರು ಬೇರೆ ಇಟ್ಟಿಗೆಯಂತೆ. ಬೆಳಿಗ್ಗೆ ಎಂಟರ ವಿರಾರ್ ಲೋಕಲಿನಲ್ಲಿ ಅದನ್ನು ಎದೆಗೆ ಅವಚಿಕೊಂಡು ನಿಲ್ಲುವವರು ನಿಮ್ಮ ಮಕ್ಕಳು. ಒಂದೂವರೆ ಕಿಲೋದ ಹತ್ತಿರ ಇರುವುದನ್ನು ಹುಡುಕಿ, ನೀರು ಸೋಕದ ಚೀಲ ಕೊಡಿಸಿ. ಜೂನ್, ಜುಲೈ ಮಳೆ ನಿಮಗೆ ಗೊತ್ತೇ ಇದೆ.

ಮುಂದಿನ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಹೊಟೇಲಿನ ಬಿಡುವಿನ ಹೊತ್ತಿಗೆ, ನಾನು ಮೂವರು ಮಕ್ಕಳೊಂದಿಗೆ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವನಿದ್ದೇನೆ. ಭಟ್ಟರ ಮಗಳೂ ಬರುತ್ತಾಳೆ, ಈಗ ಅವಳಿಗೆ ನನಗಿಂತ ಹೆಚ್ಚು ಗೊತ್ತು. ಬರುವವರು ಕಾಲೇಜಿನಲ್ಲಿ ಕೇಳಿ ಬರೆದ ಚೀಟಿಯನ್ನು ತನ್ನಿ. ಚೀಟಿ ಇಲ್ಲದವರನ್ನು ಕರೆದೊಯ್ಯುವುದಿಲ್ಲ. ಭಿವಂಡಿಯ ಮಗ್ಗದವರಿಗೆ ಆ ಹೊತ್ತು ಆಗದಿದ್ದರೆ ಬೇರೆ ದಿನ ಹೇಳಿ. ಈಗಾಗಲೇ ಮಾಲಕರಿಂದ ಮುಂಗಡ ತೆಗೆದುಕೊಂಡವರು ಯಾರಾದರೂ ಇದ್ದರೆ ಸಂಕೋಚ ಬೇಡ, ಸಭೆ ಮುಗಿದ ಮೇಲೆ ಐದು ನಿಮಿಷ ನಿಲ್ಲಿ. ಹಣ ಇನ್ನೂ ಖರ್ಚಾಗದಿದ್ದರೆ ಹಿಂದೆ ಕೊಟ್ಟು ರಸೀದಿ ಪಡೆಯುವ ಬಗೆಯನ್ನು ಕೂತು ಮಾತಾಡೋಣ.